ಹುಟ್ಟುವ ಮೊದಲೇ ಬೇಕಾದ ಹಾರ್ಮೋನು

ಕೇಳುಗರಿಗೆ ನಮಸ್ಕಾರ. ಥೈರಾಯ್ಡ್ ಎಂದರೆ ಗಂಟಲಿನ ಊತ, ಸುಸ್ತು, ಮೈ ದಪ್ಪವಾಗುವುದು ಎಂದಷ್ಟೇ ತಿಳಿದವರು ಬಹಳ ಮಂದಿ. ಅದರ ಹಾರ್ಮೋನು ಹೊಟ್ಟೆಯೊಳಗಿನ ಮಗುವಿನ ಮಿದುಳಿನಲ್ಲಿ ಮಾಡುವ ಕೆಲಸ ಇನ್ನೂ ದೊಡ್ಡದು.

ಮಗುವಿನ ಥೈರಾಯ್ಡ್ ಗ್ರಂಥಿ ಕೆಲಸ ಶುರು ಮಾಡುವುದೇ ಸುಮಾರು 12ನೇ ವಾರಕ್ಕೆ. ಅದು ಸಾಕಷ್ಟು ಹಾರ್ಮೋನು ಕೊಡುವಷ್ಟರಲ್ಲಿ ಬಸುರಿಗೆ ನಾಲ್ಕೂವರೆ ತಿಂಗಳಾಗಿರುತ್ತದೆ. ಅಲ್ಲಿಯವರೆಗೆ ತಾಯಿಯ ರಕ್ತದಲ್ಲಿರುವ ಥೈರಾಯ್ಡ್ ಹಾರ್ಮೋನು ಥೈರಾಕ್ಸಿನ್ನೇ ಗತಿ. ಥೈರಾಕ್ಸಿನ್‌ನಲ್ಲಿ ಅಯೋಡಿನ್ನಿನ ನಾಲ್ಕು ಪರಮಾಣುಗಳಿವೆ. ಮಿದುಳಿನಲ್ಲಿ ನರಕೋಶಗಳಿಗೆ ಆಸರೆಯಾಗಿರುವ ಆಸ್ಟ್ರೋಸೈಟ್ ಕೋಶಗಳು ಅದರಲ್ಲಿ ಒಂದನ್ನು ಕಳಚಿ ಟಿ-3 ಮಾಡಿಕೊಡುತ್ತವೆ. ನಿಜವಾಗಿ ಕೆಲಸ ಮಾಡುವುದು ಈ ಟಿ-3.

ಮಿದುಳಿನ ಕೋಶಗಳ ಕೇಂದ್ರದಲ್ಲಿ ಇದಕ್ಕೆಂದೇ ಇರುವ ಗ್ರಾಹಕ ಪ್ರೋಟೀನು ಡಿಎನ್ಎ ಮೇಲೆ ಮೊದಲೇ ಕೂತಿರುತ್ತದೆ. ಹಾರ್ಮೋನು ಬಾರದಿದ್ದರೆ ಅದು ಸುಮ್ಮನೆ ಇರುವುದಿಲ್ಲ. ತಡೆಯುವ ಪ್ರೋಟೀನುಗಳನ್ನು ಕರೆಸಿಕೊಂಡು, ಡಿಎನ್ಎ ಸುತ್ತಿಕೊಂಡಿರುವ ಹಿಸ್ಟೋನುಗಳನ್ನು ಬಿಗಿ ಮಾಡಿಸಿ, ಜೀನ್ ತೆರೆಯದಂತೆ ಹಿಡಿದಿಡುತ್ತದೆ. ಟಿ-3 ಬಂದು ಕೂತಾಗ ಗ್ರಾಹಕದ ಆಕಾರ ಬದಲಾಗುತ್ತದೆ, ತಡೆಗಾರರು ಕಳಚಿಕೊಳ್ಳುತ್ತಾರೆ, ಹಿಸ್ಟೋನು ಸಡಿಲಾಗುತ್ತದೆ, ಜೀನ್ ಕೆಲಸಕ್ಕಿಳಿಯುತ್ತದೆ. ನರತಂತುವಿಗೆ ಹೊದಿಕೆ ಕೊಡುವ ಮೈಲಿನ್ ಪ್ರೋಟೀನಿನ ಜೀನ್ ಇಂಥದ್ದೊಂದು. ಇಲಿಗಳಲ್ಲಿ ಈ ಗ್ರಾಹಕದ ಮುಖ್ಯ ಬಗೆಯನ್ನೇ ತೆಗೆದಾಗ, ಹಾರ್ಮೋನಿಲ್ಲದಿದ್ದರೂ ಕಿರುಮಿದುಳಿಗೆ ಆಗಬೇಕಿದ್ದ ಹಾನಿ ಆಗಲಿಲ್ಲ. ಎಂದರೆ ಬಹುಪಾಲು ಕೆಡುಕು ಖಾಲಿ ಕೂತ ಗ್ರಾಹಕದ್ದು. ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವೆನಿಸುವುದು ಇದೇ.

ನಾಟಿಯ ಹದ ಮೀರಿದ ಗದ್ದೆಯಂತೆ, ಮಿದುಳು ಬೆಳೆಯುವ ಆ ಕಾಲ ದಾಟಿದ ಮೇಲೆ ಹಾರ್ಮೋನು ಎಷ್ಟು ಕೊಟ್ಟರೂ ಆದ ನಷ್ಟ ಪೂರ್ತಿ ತುಂಬುವುದಿಲ್ಲ.

ಇನ್ನು ನಮ್ಮ ಅಡುಗೆಮನೆ. ಈ ಹಾರ್ಮೋನಿಗೆ ಬೇಕಾದ ಅಯೋಡಿನ್ ಬರುವುದು ಊಟದಿಂದಲೇ. ಸಾಣಿಕಟ್ಟೆಯ ಹರಳುಪ್ಪು ಸಮುದ್ರದ್ದು, ಅದರಲ್ಲಿ ಅಯೋಡಿನ್ ಧಾರಾಳ ಇರುತ್ತದೆ ಎಂಬ ನಂಬಿಕೆ ಕರಾವಳಿಯಲ್ಲಿದೆ. ಅದು ಸರಿಯಲ್ಲ. ನೀರು ಬತ್ತಿ ಉಪ್ಪಾಗುವಾಗ ಉಳಿಯುವ ಅಯೋಡಿನ್ ತೀರ ಕಡಿಮೆ. ಮಿಡಿ ಉಪ್ಪಿನಕಾಯಿಗೆ ಹರಳುಪ್ಪೇ ಇರಲಿ, ದಿನದ ಸಾರು-ಪಲ್ಯಕ್ಕೆ ಅಯೋಡಿನ್ ಸೇರಿಸಿದ ಉಪ್ಪು ಬೇಕು. ಮಳೆಗಾಲದ ತೇವ, ಒಲೆಯ ಕಾವು ಎರಡೂ ಅದರ ಅಯೋಡಿನ್ನನ್ನು ಹಾಳು ಮಾಡುತ್ತವೆ. ಮುಚ್ಚಳ ಬಿಗಿ ಇರುವ ಡಬ್ಬಿಯಲ್ಲಿಡಿ, ಅಡುಗೆಯ ಕೊನೆಗೆ ಹಾಕಿ. ಬಸುರಿಗೆ ದಿನಕ್ಕೆ 250 ಮೈಕ್ರೋಗ್ರಾಂ ಅಯೋಡಿನ್ ಬೇಕು. ಬಂಗಡೆ, ತಾರ್ಲೆ ತಿನ್ನುವ ಮನೆಯಲ್ಲಿ ಸ್ವಲ್ಪ ಮೀನಿನಿಂದಲೂ ಸಿಗುತ್ತದೆ. ಮೀನು ತಿನ್ನದ ಘಟ್ಟದ ಮೇಲಿನ ಮನೆಗಳಿಗೆ ಉಪ್ಪೇ ಮುಖ್ಯ ಆಧಾರ.

ಮೊದಲೇ ಥೈರಾಕ್ಸಿನ್ ಮಾತ್ರೆ ತೆಗೆದುಕೊಳ್ಳುವವರು ಬಸುರಿಯೆಂದು ಗೊತ್ತಾದ ವಾರವೇ ವೈದ್ಯರನ್ನು ಕಾಣಬೇಕು. ಪ್ರಮಾಣ ಸಾಮಾನ್ಯವಾಗಿ ಶೇಕಡಾ 25ರಿಂದ 30ರಷ್ಟು ಏರಿಸಬೇಕಾಗುತ್ತದೆ. ಅದನ್ನು ಬೆಳಿಗ್ಗೆ ಖಾಲಿ ಹೊಟ್ಟೆಗೆ ನುಂಗಿ. ಅದಕ್ಕೂ ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೂ ನಡುವೆ ನಾಲ್ಕು ತಾಸು ಅಂತರವಿರಲಿ, ಇಲ್ಲದಿದ್ದರೆ ಥೈರಾಕ್ಸಿನ್ ಕರುಳಿನಲ್ಲೇ ಅವುಗಳಿಗೆ ಅಂಟಿಕೊಂಡು ಹೊರಹೋಗುತ್ತದೆ.

ಹುಟ್ಟಿದ ಮಗುವಿನ ಹಿಮ್ಮಡಿಯಿಂದ ಒಂದೆರಡು ಹನಿ ರಕ್ತ ತೆಗೆದು, 48ರಿಂದ 72 ತಾಸಿನೊಳಗೆ, ಥೈರಾಯ್ಡನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನಾದ ಟಿಎಸ್‌ಎಚ್ ನೋಡಿಸಿ. ಕೊರತೆಯಿರುವ ಮಗುವೂ ಸಾಮಾನ್ಯವಾಗಿ ನೋಡಲು ಚೆನ್ನಾಗಿಯೇ ಇರುತ್ತದೆ, ಹಾಗಾಗಿ ಕಣ್ಣಂದಾಜು ಸಾಲದು. ಕೊರತೆ ಕಂಡರೆ ಎರಡು ವಾರದೊಳಗೆ ಔಷಧ ಶುರುವಾಗಬೇಕು: ಮಗುವಿನ ತೂಕದ ಪ್ರತಿ ಕಿಲೋಗೆ ದಿನಕ್ಕೆ 10ರಿಂದ 15 ಮೈಕ್ರೋಗ್ರಾಂ. ಮಾತ್ರೆಯನ್ನು ಪುಡಿ ಮಾಡಿ, ಒಂದೆರಡು ಚಮಚ ಎದೆಹಾಲಿನಲ್ಲಿ ಕದಡಿ, ಆಗಿಂದಾಗಲೇ ಕುಡಿಸಿ. ಹಾಲಿನ ಬಾಟಲಿಗೆ ಬೆರೆಸಬೇಡಿ. ಮಗು ಅರ್ಧ ಬಿಟ್ಟರೆ ಔಷಧವೂ ಅರ್ಧ ಉಳಿಯುತ್ತದೆ.