ಬೀರುವಿನಲ್ಲಿರುವ 3ಡಿಎಸ್ ಹೊರಗೆ ತೆಗೆಯಿರಿ: ಪೋಕೆಮಾನ್ ರೆಡ್ ಇನ್ನೂ ನಿಮ್ಮದೇ

[ಸ್ಕ್ರೀನ್ ಮೇಲೆ: ಮರದ ಮೇಜು. ಎಡಕ್ಕೆ ಕೆಂಪು ಕಾರ್ಟ್ರಿಡ್ಜ್, ಬಲಕ್ಕೆ ಮಡಚಿಟ್ಟ 3ಡಿಎಸ್ ಎಕ್ಸ್‌ಎಲ್.]

ನಮಸ್ಕಾರ. ಮೇಜಿನ ಮೇಲೆ ಎರಡು ಸಾಮಾನು ಇಟ್ಟಿದ್ದೇನೆ. ಒಂದು ಕೆಂಪು ಪ್ಲಾಸ್ಟಿಕ್ ಕಾರ್ಟ್ರಿಡ್ಜ್, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಇನ್ನೊಂದು ನಿಂಟೆಂಡೊ 3ಡಿಎಸ್, ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರ. ಎರಡರಲ್ಲೂ ಇರುವುದು ಒಂದೇ ಆಟ, ಪೋಕೆಮಾನ್ ರೆಡ್. ಪೋಕೆಮಾನ್ ಅನ್ನುವ ಪ್ರಾಣಿಗಳನ್ನು ಹಿಡಿದು ಬೆಳೆಸುವ ಆಟ ಅದು. ಕಾರ್ಟ್ರಿಡ್ಜ್‌ನಲ್ಲಿದ್ದ ನನ್ನ ಆಟ ಅಳಿಸಿ ಹೋಗಿದೆ. 3ಡಿಎಸ್‌ನಲ್ಲಿರುವುದು ಇವತ್ತಿಗೂ ನಡೆಯುತ್ತಿದೆ.

ಈ ಕೆಂಪು ಕಾರ್ಟ್ರಿಡ್ಜ್ ನಮ್ಮ ದೊಡ್ಡಪ್ಪನ ಮಗ ಕೊಟ್ಟಿದ್ದು. ಅವರು ಅಮೆರಿಕದಲ್ಲಿದ್ದರು. ಒಂದು ಬೇಸಿಗೆ ರಜೆಗೆ ಶಿವಮೊಗ್ಗಕ್ಕೆ ಬಂದಾಗ ಅಣ್ಣ ಈ ಕಾರ್ಟ್ರಿಡ್ಜ್ ಹಾಕಿ ಆಡುವ ತನ್ನ ಯಂತ್ರ, ಗೇಮ್ ಬಾಯ್ ಕಲರ್, ನನಗೇ ಬಿಟ್ಟು ಹೋದ. ಎರಡು ಪೆನ್ಸಿಲ್ ಸೆಲ್ ಹಾಕಿದರೆ ಸಾಕು, ಜಗಲಿಯ ಮೇಲೆ ಕೂತು ದಿನವಿಡೀ ಆಡುತ್ತಿದ್ದೆ. ಸ್ಕ್ರೀನ್‌ಗೆ ಲೈಟ್ ಇರಲಿಲ್ಲ. ಹಾಗಾಗಿ ಬಿಸಿಲು ಸರಿದ ಕಡೆಗೆ ನಾನೂ ಸರಿಯುತ್ತಿದ್ದೆ.

ಆ ಆಟದಲ್ಲಿ ಆಬ್ರಾ ಅಂತ ಒಂದು ಪೋಕೆಮಾನ್ ಇದೆ. ಎದುರಿಗೆ ಬಂದ ಕೂಡಲೇ ಮಾಯವಾಗುತ್ತದೆ. ಹಿಡಿಯುವುದೇ ಕಷ್ಟ. ಹಿಡಿದು ಬೆಳೆಸಿದರೆ 16ನೇ ಲೆವೆಲ್‌ಗೆ ಕಡಾಬ್ರಾ ಆಗುತ್ತದೆ. ಅದರ ಮುಂದಿನ ರೂಪ ಅಲಕಜಾಮ್. ಆದರೆ ಎಷ್ಟೇ ಲೆವೆಲ್ ಏರಿಸಿದರೂ ಕಡಾಬ್ರಾ ಅಲಕಜಾಮ್ ಆಗುವುದಿಲ್ಲ. ಅದನ್ನು ಇನ್ನೊಬ್ಬರ ಗೇಮ್ ಬಾಯ್‌ಗೆ ಕಳಿಸಬೇಕು. ಕಳಿಸಿದಾಗ, ಆ ಕಡೆ ತಲುಪಿದ ಮೇಲೆ ಬದಲಾಗುತ್ತದೆ. ಅದಕ್ಕೆ ಇನ್ನೊಂದು ಗೇಮ್ ಬಾಯ್ ಬೇಕು, ಇನ್ನೊಂದು ಕಾರ್ಟ್ರಿಡ್ಜ್ ಬೇಕು, ನಡುವೆ ಒಂದು ಕೇಬಲ್ ಬೇಕು. ನಮ್ಮ ಬೀದಿಯಲ್ಲಿ ಇದ್ದಿದ್ದು ನನ್ನದೊಂದೇ. ನನ್ನ ಕಡಾಬ್ರಾ ಕಡಾಬ್ರಾ ಆಗಿಯೇ ಉಳಿಯಿತು.

[ಸ್ಕ್ರೀನ್ ಮೇಲೆ: ಎರಡು ಗೇಮ್ ಬಾಯ್, ನಡುವೆ ಲಿಂಕ್ ಕೇಬಲ್.]

ಈ ಕೇಬಲ್ ಸುಮ್ನೆ ಸೇರಿಸಿದ ವಸ್ತು ಅಲ್ಲ. ಆಟ ಹುಟ್ಟಿದ್ದೇ ಅದರಿಂದ. ಪೋಕೆಮಾನ್ ಕಲ್ಪಿಸಿದ ಸತೋಶಿ ತಜಿರಿ ಚಿಕ್ಕಂದಿನಲ್ಲಿ ಹುಳ ಹಿಡಿದು ಕೂಡಿಡುತ್ತಿದ್ದವರು. ಗೇಮ್ ಬಾಯ್ ಕೇಬಲ್ ನೋಡಿದಾಗ ಅದರ ಮೇಲೆ ಹುಳಗಳು ಹರಿದು ಆ ಕಡೆ ಈ ಕಡೆ ಹೋಗುವುದು ಅವರ ಕಣ್ಣಿಗೆ ಬಂತಂತೆ. ಅದಕ್ಕೇ 1996ರಲ್ಲಿ ಜಪಾನಿನಲ್ಲಿ ಒಂದೇ ಆಟವನ್ನು ಎರಡಾಗಿ ಮಾರಿದರು, ರೆಡ್ ಮತ್ತು ಗ್ರೀನ್. ಹೊರದೇಶಗಳಿಗೆ ಅದು ರೆಡ್ ಮತ್ತು ಬ್ಲೂ ಆಗಿ ಬಂತು. ರೆಡ್‌ನಲ್ಲಿ ಎಕಾನ್ಸ್ ಸಿಗುತ್ತದೆ, ಸ್ಯಾಂಡ್‌ಶ್ರೂ ಸಿಗುವುದಿಲ್ಲ. ಬ್ಲೂನಲ್ಲಿ ಸ್ಯಾಂಡ್‌ಶ್ರೂ ಇದೆ, ಎಕಾನ್ಸ್ ಇಲ್ಲ. ಒಬ್ಬರೇ ಕೂತು ಎಷ್ಟು ಆಡಿದರೂ ಹಿಡಿದ ಪೋಕೆಮಾನ್‌ಗಳ ಪಟ್ಟಿ ತುಂಬುವುದಿಲ್ಲ. ಪಕ್ಕದ ಮನೆಯವರನ್ನು ಕರೆಯಲೇಬೇಕು.

ಈಗ ಕಾರ್ಟ್ರಿಡ್ಜ್ ಯಾಕೆ ಕೈಕೊಟ್ಟಿತು ಅನ್ನುವುದು. ಅದರೊಳಗೆ ಒಂದು ಚಿಕ್ಕ ಬಟನ್ ಸೆಲ್ ಇದೆ. ನಾವು ಸೇವ್ ಮಾಡಿದ ಆಟ ಒಂದು ಮೆಮೊರಿ ಚಿಪ್‌ನಲ್ಲಿ ಕೂರುತ್ತದೆ. ಆ ಚಿಪ್‌ಗೆ ಸದಾ ಸ್ವಲ್ಪ ಕರೆಂಟ್ ಬೇಕು. ಸೆಲ್ ಮುಗಿದ ದಿನ ಸೇವ್ ಹೋಯಿತು. ನನ್ನದು ಯಾವತ್ತು ಹೋಯಿತೋ ಗೊತ್ತಿಲ್ಲ. 2012ರಲ್ಲಿ ಒಂದು ಸಂಜೆ ಹಾಕಿ ನೋಡಿದೆ. ಮೆನುವಿನಲ್ಲಿ ಎಲ್ಲಕ್ಕಿಂತ ಮೇಲೆ ಇರಬೇಕಾದ ಕಂಟಿನ್ಯೂ ಸಾಲು ಇರಲಿಲ್ಲ. ನ್ಯೂ ಗೇಮ್‌ನಿಂದಲೇ ಮೆನು ಶುರುವಾಗಿತ್ತು. ಸೆಲ್ ಬದಲಾಯಿಸಬಹುದು, ಬೆಸುಗೆ ಹಾಕುವವರು ಮಾಡಿಕೊಡುತ್ತಾರೆ. ಆದರೆ ಹೋದ ಆಟ ಬರುವುದಿಲ್ಲ. ನಿಮ್ಮ ಹತ್ತಿರ ಇನ್ನೂ ಬದುಕಿರುವ ಕಾರ್ಟ್ರಿಡ್ಜ್ ಇದ್ದರೆ ಅದರ ಸೆಲ್ ಬಗ್ಗೆ ಇವತ್ತೇ ಯೋಚಿಸಿ.

[ಸ್ಕ್ರೀನ್ ಮೇಲೆ: ದಿನಾಂಕ ಮಾತ್ರ. 27 ಫೆಬ್ರವರಿ 2016.]

ಮೊದಲ ಪೋಕೆಮಾನ್ ಬಂದು ಸರಿಯಾಗಿ 20 ವರ್ಷ ತುಂಬಿದ ದಿನ. ಅವತ್ತು ಶನಿವಾರ. ರೆಡ್, ಬ್ಲೂ, ಅವುಗಳದೇ ಇನ್ನೊಂದು ಆವೃತ್ತಿ ಯೆಲ್ಲೋ, ಮೂರನ್ನೂ ನಿಂಟೆಂಡೊ 3ಡಿಎಸ್‌ನ ವರ್ಚುವಲ್ ಕನ್ಸೋಲ್‌ಗೆ ಬಿಟ್ಟಿತು. ವರ್ಚುವಲ್ ಕನ್ಸೋಲ್ ಅಂದರೆ ಹಳೆಯ ಯಂತ್ರಗಳ ಆಟಗಳನ್ನು ಹೊಸ ಯಂತ್ರಕ್ಕೆ ಇಳಿಸಿಕೊಂಡು ಆಡುವ ವ್ಯವಸ್ಥೆ. ಒಂದೊಂದಕ್ಕೆ 9.99 ಡಾಲರ್. ಜಪಾನಿನವರಿಗೆ ಗ್ರೀನ್ ಕೂಡ ಸಿಕ್ಕಿತು. ಆ ಹೊತ್ತಿಗೆ 3ಡಿಎಸ್ ಬಂದೇ ಐದು ವರ್ಷ ಆಗಿತ್ತು.

ಆಟ ಕೊಳ್ಳುವುದು ಈಶಾಪ್‌ನಲ್ಲಿ, ಅದು ನಿಂಟೆಂಡೊದ ಆನ್‌ಲೈನ್ ಅಂಗಡಿ. ಭಾರತಕ್ಕೆ ಅಂತ ಬೇರೆ ಈಶಾಪ್ ಇರಲಿಲ್ಲ. 3ಡಿಎಸ್‌ಗೆ ರೀಜನ್ ಲಾಕ್ ಬೇರೆ. ಅಮೆರಿಕದ ಯಂತ್ರ ಅಮೆರಿಕದ ಅಂಗಡಿಗೆ ಮಾತ್ರ ಹೋಗುತ್ತದೆ. ನನ್ನ ಯಂತ್ರ ಅಲ್ಲಿಂದ ಬಂದದ್ದು, ಆದರೆ ಇಲ್ಲಿನ ನನ್ನ ಬ್ಯಾಂಕ್ ಕಾರ್ಡ್ ಅಲ್ಲಿ ನಡೆಯಲಿಲ್ಲ. ಕೊನೆಗೆ ಅಣ್ಣನೇ ಈಶಾಪ್ ಕಾರ್ಡ್ ಕೊಂಡು, ಅದರ ಹಿಂಭಾಗ ಗೀರಿ, ಕೋಡ್‌ನ ಫೋಟೋ ಕಳಿಸಿದ. 16 ಅಕ್ಷರ. ಒಂದೊಂದೇ ಒತ್ತಿದೆ. ಇಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ, ಆಟವೇ ಅಷ್ಟು ಚಿಕ್ಕದು. ಹೊಸದಾಗಿ ಇಳಿದ ಆಟ 3ಡಿಎಸ್‌ನ ಹೋಮ್ ಮೆನುವಿನಲ್ಲಿ ರಿಬ್ಬನ್ ಕಟ್ಟಿದ ಉಡುಗೊರೆ ಪೆಟ್ಟಿಗೆಯಾಗಿ ಕಾಣಿಸುತ್ತದೆ. ಮುಟ್ಟಿದರೆ ಬಿಚ್ಚಿಕೊಳ್ಳುತ್ತದೆ. ಎಷ್ಟು ಚಂದದ ಯೋಚನೆ ಅಲ್ವಾ!

ಇದು ಹೇಗೆ ಕೆಲಸ ಮಾಡುತ್ತದೆ ಅಂತ ನೋಡೋಣ. ಆಟವನ್ನು ಹೊಸದಾಗಿ ಬರೆದಿಲ್ಲ. ಹಳೆಯ ಪ್ರೋಗ್ರಾಂ ಅನ್ನೇ ಇಟ್ಟುಕೊಂಡು, ಅದರ ಕೆಳಗೆ ಒಂದು ಎಮ್ಯುಲೇಟರ್ ಇಟ್ಟಿದ್ದಾರೆ. ಎಮ್ಯುಲೇಟರ್ ಅಂದರೆ ಗೇಮ್ ಬಾಯ್‌ನ ಹಾಗೆ ವರ್ತಿಸುವ ಪ್ರೋಗ್ರಾಂ. ಆಟಕ್ಕೆ ತಾನು ಇನ್ನೂ 4 ಮೆಗಾಹರ್ಟ್ಸ್‌ನ ಎಂಟು ಬಿಟ್ ಚಿಪ್ ಮೇಲೆಯೇ ಇದ್ದೇನೆ ಅನ್ನಿಸುತ್ತದೆ. ಅದಕ್ಕೇ ಹಳೆಯ ತಪ್ಪುಗಳೂ ಹಾಗೇ ಉಳಿದಿವೆ. ವಿರಿಡಿಯನ್ ಊರಿನ ಮುದುಕನ ಹತ್ತಿರ ಪಾಠ ಕೇಳಿ, ಸಿನ್ನಬಾರ್ ದ್ವೀಪಕ್ಕೆ ಹಾರಿ, ಪೂರ್ವದ ದಂಡೆಗುಂಟ ಈಜಿದರೆ ಮಿಸ್ಸಿಂಗ್‌ನೋ ಬರುತ್ತದೆ, ಆಟದ ತಪ್ಪಿನಿಂದಲೇ ಹುಟ್ಟಿದ ಪೋಕೆಮಾನ್. ಚೀಲದ ಆರನೇ ಸಾಮಾನು ಒಮ್ಮೆಗೇ ನೂರರ ಮೇಲಾಗುತ್ತದೆ. ಇದನ್ನು ಸರಿ ಮಾಡಿ ಬಿಟ್ಟಿದ್ದರೆ ನನಗೆ ಬೇಜಾರಾಗುತ್ತಿತ್ತು.

ಸ್ಕ್ರೀನ್ ವಿಷಯ ಒಂದಿದೆ, ತುಂಬಾ ಜನರಿಗೆ ಗೊತ್ತಿಲ್ಲ. ಗೇಮ್ ಬಾಯ್ ಚಿತ್ರ ಅಡ್ಡಕ್ಕೆ 160, ಉದ್ದಕ್ಕೆ 144 ಚುಕ್ಕಿ. 3ಡಿಎಸ್‌ನ ಮೇಲಿನ ಸ್ಕ್ರೀನ್ ಉದ್ದಕ್ಕೆ 240. ತುಂಬಿಸಬೇಕಾದರೆ ಒಂದು ಚುಕ್ಕಿಯನ್ನು 1.67 ಚುಕ್ಕಿಗೆ ಹಿಗ್ಗಿಸಬೇಕು. ಅರೆ ಚುಕ್ಕಿ ಅಂತ ಇರುವುದಿಲ್ಲವಲ್ಲ, ಹಾಗಾಗಿ ಅಂಚು ಮಸುಕಾಗುತ್ತದೆ, ಅಕ್ಷರ ಕದಡಿದ ಹಾಗೆ ಕಾಣುತ್ತದೆ. ಆಟ ತೆರೆಯುವಾಗ ಸ್ಟಾರ್ಟ್ ಅಥವಾ ಸೆಲೆಕ್ಟ್ ಬಟನ್ ಒತ್ತಿ ಹಿಡಿಯಿರಿ. ಆಟ ಶುರುವಾಗುವವರೆಗೂ ಬಿಡಬೇಡಿ.

[ಸ್ಕ್ರೀನ್ ಮೇಲೆ: ಮೊದಲು ಹಿಗ್ಗಿಸಿದ ಚಿತ್ರ, ಆಮೇಲೆ ಮೂಲ ಅಳತೆಯದು. ಎರಡರಲ್ಲೂ ಆಟ ಶುರುವಾಗುವ ಊರು, ಅದೇ ಪ್ಯಾಲೆಟ್ ಟೌನ್.]

ನೋಡಿ. ಚಿತ್ರ ಚಿಕ್ಕದಾಯಿತು, ಆದರೆ ಒಂದೊಂದು ಚುಕ್ಕಿಯೂ ಕಡೆದಿಟ್ಟ ಹಾಗಿದೆ. ಮನೆಯ ಚಾವಣಿಯ ಗೆರೆ ನೇರವಾಗಿದೆ. ಎಕ್ಸ್‌ಎಲ್ ಯಂತ್ರದಲ್ಲಿ ನಾನು ಯಾವಾಗಲೂ ಹೀಗೇ ಆಡುತ್ತೇನೆ. ಚಿಕ್ಕ 3ಡಿಎಸ್‌ನಲ್ಲಿ ಕಣ್ಣಿಗೆ ಕಷ್ಟ, ಅಲ್ಲಿ ಹಿಗ್ಗಿಸಿಕೊಳ್ಳುವುದೇ ವಾಸಿ.

ಈಗ ಮುಖ್ಯ ವಿಷಯ. ಆಟವನ್ನು ಹಾಗೇ ಬಿಟ್ಟರು ಅಂದೆನಲ್ಲ, ಒಂದು ಕಡೆ ಮಾತ್ರ ಕೈ ಹಾಕಿದರು. ಕೇಬಲ್. 3ಡಿಎಸ್‌ಗೆ ಆ ಕೇಬಲ್ ಸಿಕ್ಕಿಸುವ ಜಾಗವೇ ಇಲ್ಲ. ಅಲ್ಲಿಯವರೆಗೆ 3ಡಿಎಸ್‌ಗೆ ಬಂದ ಗೇಮ್ ಬಾಯ್ ಆಟಗಳನ್ನು ಇಬ್ಬರು ಸೇರಿ ಆಡಲು ಆಗುತ್ತಿರಲಿಲ್ಲ. ಪೋಕೆಮಾನ್‌ಗೆ ಹಾಗೆ ಮಾಡಿದ್ದರೆ ಅರ್ಧ ಆಟ ಕೊಟ್ಟ ಹಾಗೆ. ಅದಕ್ಕೆ ಕೇಬಲ್ ಬದಲು ವೈರ್‌ಲೆಸ್ ಸೇರಿಸಿದರು. ಆಟದೊಳಗಿನ ಪೋಕೆಮಾನ್ ಸೆಂಟರ್‌ನ ಬಲಗಡೆ ಕೌಂಟರ್‌ನಲ್ಲಿ ನಿಂತ ಹುಡುಗಿಯನ್ನು ಮಾತಾಡಿಸಿದರೆ, ಪಕ್ಕದಲ್ಲಿರುವ ಇನ್ನೊಂದು 3ಡಿಎಸ್ ಅನ್ನು ಹುಡುಕುತ್ತದೆ. ಎಲ್ಲಿ ಬೇಕಾದರೂ ಆಟ ನಿಲ್ಲಿಸಿ ಮತ್ತೆ ಅಲ್ಲಿಂದಲೇ ಶುರು ಮಾಡುವ ರಿಸ್ಟೋರ್ ಪಾಯಿಂಟ್ ಬೇರೆ ವರ್ಚುವಲ್ ಕನ್ಸೋಲ್ ಆಟಗಳಲ್ಲಿ ಇತ್ತು, ಇದರಲ್ಲಿ ತೆಗೆದರು. ಅದಿದ್ದರೆ ಪೋಕೆಮಾನ್ ಕೊಟ್ಟು, ಹಿಂದಕ್ಕೆ ಹೋಗಿ, ಎರಡು ಮಾಡಿಕೊಳ್ಳಬಹುದಿತ್ತಲ್ಲ. ಆಟದೊಳಗಿನ ಹಳೆಯ ಸೇವ್ ಒಂದೇ ದಾರಿ. ನನಗೆ ಇದು ಸರಿ ಅನ್ನಿಸುತ್ತದೆ.

2017ರ ಜನವರಿಯಲ್ಲಿ ಇನ್ನೊಂದು ಬಾಗಿಲು ತೆರೆಯಿತು. ಪೋಕೆಮಾನ್ ಬ್ಯಾಂಕ್ ಅನ್ನುವ ಆನ್‌ಲೈನ್ ಸೇವೆಯ ಮೂಲಕ ಇಲ್ಲಿ ಹಿಡಿದದ್ದನ್ನು ಹೊಸ ಆಟಗಳಾದ ಸನ್ ಮತ್ತು ಮೂನ್‌ಗೆ ಕಳಿಸುವ ಹಾಗಾಯಿತು. 2002ರಲ್ಲಿ ರೂಬಿ, ಸಫೈರ್ ಬಂದಾಗ ಹಳೆಯ ಆಟಗಳ ಜೊತೆ ಸಂಬಂಧ ಕಡಿದಿತ್ತು. ಆ ಕಡಿದದ್ದು ಮತ್ತೆ ಕೂಡಿದ್ದು ಆಗಲೇ. ಒಮ್ಮೆ ಹೋದದ್ದು ವಾಪಸ್ ಬರುವುದಿಲ್ಲ, ಅದು ನೆನಪಿರಲಿ. ಆಮೇಲೆ ಗೋಲ್ಡ್, ಸಿಲ್ವರ್ 2017ರ ಸೆಪ್ಟೆಂಬರ್‌ನಲ್ಲಿ, ಕ್ರಿಸ್ಟಲ್ 2018ರ ಜನವರಿಯಲ್ಲಿ ಬಂದವು.

ಈಶಾಪ್ ಕತೆ ಬೇಗ ಹೇಳುತ್ತೇನೆ. 2022ರ ಮೇ ತಿಂಗಳಲ್ಲಿ ಬ್ಯಾಂಕ್ ಕಾರ್ಡ್ ನಿಂತಿತು. ಆಗಸ್ಟ್‌ನಲ್ಲಿ ಈಶಾಪ್ ಕಾರ್ಡ್ ನಿಂತಿತು. 2023ರ ಮಾರ್ಚ್ 27ಕ್ಕೆ ಮಾರಾಟವೇ ಮುಗಿಯಿತು. ಈಗ ಹೊಸದಾಗಿ ಕೊಳ್ಳಲು ಆಗುವುದಿಲ್ಲ. ಆದರೆ ಆಗ ಕೊಂಡವರು ಮತ್ತೆ ಇಳಿಸಿಕೊಳ್ಳಬಹುದು. ಎಷ್ಟೋ ಜನ ಆ ಅಂಗಡಿ ಮುಚ್ಚಿತು ಅಂತ ಕೇಳಿ, ಆಟವೂ ಹೋಯಿತು ಅಂದುಕೊಂಡು ಯಂತ್ರವನ್ನು ಬೀರುವಿನಲ್ಲಿ ಹಾಕಿಟ್ಟಿದ್ದಾರೆ. ನಿಮ್ಮದೂ ಹಾಗೇ ಇದ್ದರೆ, ಇದು ನಿಮಗೆ.

ಮೊದಲು ಬ್ಯಾಟರಿ. ಚಾರ್ಜರ್ ಹಾಕುವ ಮುಂಚೆ ಹಿಂದಿನ ಮುಚ್ಚಳದ ಸ್ಕ್ರೂ ಸಡಿಲಿಸಿ ನೋಡಿ. ಉಬ್ಬಿದ್ದರೆ ಚಾರ್ಜ್ ಮಾಡಲೇಬೇಡಿ, ಬದಲಾಯಿಸಿ. ಆಮೇಲೆ ವೈಫೈ. ಇಲ್ಲಿಯೇ ಜಾಸ್ತಿ ಜನ ಸಿಕ್ಕಿಹಾಕಿಕೊಳ್ಳುವುದು. 3ಡಿಎಸ್‌ಗೆ ಕಾಣುವುದು 2.4 ಗಿಗಾಹರ್ಟ್ಸ್ ವೈಫೈ ಮಾತ್ರ, ಭದ್ರತೆ ಡಬ್ಲ್ಯೂಪಿಎ2ವರೆಗೆ ಮಾತ್ರ. ಹೊಸ ರೌಟರ್‌ನಲ್ಲಿ ಡಬ್ಲ್ಯೂಪಿಎ3 ಮಾತ್ರ ಇಟ್ಟಿದ್ದರೆ ಯಂತ್ರ ಕೆಟ್ಟಿದೆ ಅಂತಲೇ ಅನ್ನಿಸುತ್ತದೆ. ಕೆಟ್ಟಿಲ್ಲ. ರೌಟರ್ ಸೆಟ್ಟಿಂಗ್ ಬದಲಾಯಿಸಿ, ಸಿಸ್ಟಂ ಅಪ್‌ಡೇಟ್ ಮಾಡಿ, ಈಶಾಪ್ ತೆರೆಯಿರಿ. ಮೆನುವಿನ ಕೊನೆಯಲ್ಲಿ ಸೆಟ್ಟಿಂಗ್ಸ್ ಇದೆ. ಅದರೊಳಗೆ ಮತ್ತೆ ಇಳಿಸಿಕೊಳ್ಳಬಹುದಾದ ಆಟಗಳ ಪಟ್ಟಿ ಇದೆ. ನೀವು ಕೊಂಡದ್ದೆಲ್ಲ ಅಲ್ಲಿರುತ್ತದೆ.

ಎರಡು ಎಚ್ಚರಿಕೆ. ಯಂತ್ರವನ್ನು ಫಾರ್ಮ್ಯಾಟ್ ಮಾಡಬೇಡಿ. ನಿಮ್ಮ ಸೇವ್ ಇರುವುದು ಎಸ್‌ಡಿ ಕಾರ್ಡ್‌ನಲ್ಲಿ, ಆಟ ಮತ್ತೆ ಇಳಿಯಬಹುದು, ಸೇವ್ ಇಳಿಯುವುದಿಲ್ಲ. ಕಾರ್ಡ್ ಬದಲಾಯಿಸುವುದಿದ್ದರೆ ಅದರಲ್ಲಿರುವ ನಿಂಟೆಂಡೊ 3ಡಿಎಸ್ ಫೋಲ್ಡರ್ ಅನ್ನು ಇಡಿಯಾಗಿ ಕಂಪ್ಯೂಟರ್‌ಗೆ ತೆಗೆದುಕೊಂಡು, ಹೊಸ ಕಾರ್ಡ್‌ಗೆ ಹಾಕಿ. ಅದು ನಿಮ್ಮ ಯಂತ್ರದಲ್ಲಿ ಮಾತ್ರ ತೆರೆಯುತ್ತದೆ. ಹೊಸ ಯಂತ್ರಕ್ಕೆ ಹೋಗುವುದಾದರೆ ಎರಡನ್ನೂ ಪಕ್ಕದಲ್ಲಿಟ್ಟು ಸಿಸ್ಟಂ ಟ್ರಾನ್ಸ್‌ಫರ್ ಮಾಡಿ, ಆಗ ಸೇವ್ ಕೂಡ ಹೋಗುತ್ತದೆ. ಇನ್ನೊಂದು, ಪೋಕೆಮಾನ್ ರೆಡ್ ಹಾಕಿದ ಸೆಕೆಂಡ್ ಹ್ಯಾಂಡ್ 3ಡಿಎಸ್ ಅಂತ ಜಾಸ್ತಿ ದುಡ್ಡು ಕೊಡಬೇಡಿ. ಆ ಆಟ ಮಾರಿದವರ ಖಾತೆಯದು. ಒಂದು ದಿನ ಕಾರ್ಡ್ ಕೆಟ್ಟರೆ ನಿಮಗೆ ಮತ್ತೆ ಸಿಗದೇ ಹೋಗಬಹುದು.

2024ರ ಏಪ್ರಿಲ್‌ನಲ್ಲಿ 3ಡಿಎಸ್‌ನ ಆನ್‌ಲೈನ್ ಆಟ ನಿಂತಿತು. ಆಗ ನನ್ನ ಎದೆ ಧಸಕ್ ಅಂದಿತ್ತು. ಆಮೇಲೆ ನೆನಪಾಯಿತು, ಈ ವೈರ್‌ಲೆಸ್ ಇಂಟರ್‌ನೆಟ್‌ನದಲ್ಲ. ಎರಡು ಯಂತ್ರ ನೇರವಾಗಿ ಮಾತಾಡಿಕೊಳ್ಳುತ್ತವೆ, ನಡುವೆ ಯಾರ ಸರ್ವರ್ ಕೂಡ ಇಲ್ಲ. ಒಂದೇ ಕೋಣೆಯಲ್ಲಿ ಇಬ್ಬರು ಕೂತರೆ ಸಾಕು. ಹಳೆಯ ಕೇಬಲ್‌ನ ಹಾಗೇ.

[ಸ್ಕ್ರೀನ್ ಮೇಲೆ: ಎರಡು 3ಡಿಎಸ್ ಎದುರುಬದುರು.]

2017ರ ದಸರಾಕ್ಕೆ ಅಣ್ಣನ ಮನೆಯವರು ಶಿವಮೊಗ್ಗಕ್ಕೆ ಬಂದರು. ಅವನ ಮಗಳ ಹತ್ತಿರ ಬ್ಲೂ ಇತ್ತು. ಅದೇ ಜಗಲಿಯ ಮೇಲೆ ಕೂತೆವು. ನಾನು ಹೊಸದಾಗಿ ಹಿಡಿದು ಬೆಳೆಸಿದ ಕಡಾಬ್ರಾಗೆ ಚಿನ್ನು ಅಂತ ಹೆಸರಿಟ್ಟಿದ್ದೆ. ಅವಳು ಸ್ಯಾಂಡ್‌ಶ್ರೂ ಕೊಟ್ಟಳು, ನಾನು ಚಿನ್ನುವನ್ನು ಕಳಿಸಿದೆ. ನನ್ನ ಸ್ಕ್ರೀನ್‌ನಲ್ಲಿ ಒಂದು ಚೆಂಡು ಕೊಳವೆಯೊಳಗೆ ಹೋಯಿತು. ಅವಳ ಯಂತ್ರದಿಂದ ಸಂಗೀತ ಕೇಳಿಸಿತು, ಕಡಾಬ್ರಾ ಮಿಣಮಿಣ ಅಂತು, ಅಲಕಜಾಮ್ ಆಯಿತು. ನಾನು ಅದನ್ನು ನೋಡಿದ್ದೇ ಅವಳ ಹೆಗಲ ಮೇಲಿಂದ.

ಈಗ ವಾಪಸ್ ಕಳಿಸು ಅಂದೆ. ಅವಳು ಯಂತ್ರವನ್ನು ಎದೆಗೆ ಒತ್ತಿಕೊಂಡು, "ಚಿಕ್ಕಪ್ಪ, ಇದು ನನಗೇ ಇರಲಿ, ಪ್ಲೀಸ್" ಅಂದಳು. ಇರಲಿ ಅಂದೆ.

ಬೇರೆಯವರಿಂದ ಬಂದ ಪೋಕೆಮಾನ್‌ನ ಹೆಸರು ಬದಲಾಯಿಸಲು ಆ ಆಟದಲ್ಲಿ ಆಗುವುದಿಲ್ಲ. ಮೊದಲು ಹಿಡಿದವರ ಹೆಸರೂ ಅದರ ಪುಟದಲ್ಲಿ ಹಾಗೇ ಇರುತ್ತದೆ. ಹೋದ ತಿಂಗಳು ಅವಳು ತನ್ನ 3ಡಿಎಸ್ ಬೀರುವಿನಿಂದ ತೆಗೆದು ಚಾರ್ಜ್ ಮಾಡಿ, ಆ ಪುಟದ ಫೋಟೋ ಕಳಿಸಿದಳು.

[ಸ್ಕ್ರೀನ್ ಮೇಲೆ: ಆ ಫೋಟೋ. ಅಲಕಜಾಮ್, ಹೆಸರು ಚಿನ್ನು. ಕೆಳಗಿನ ಸಾಲಿನಲ್ಲಿ ನನ್ನ ಹೆಸರು.]