"ಫೀಸು ಎಷ್ಟೈತಿ ಮೇಡಂ?"

ಕೇಳುಗರಿಗೆ ನಮಸ್ಕಾರ.

ದಾವಣಗೆರೆಯಲ್ಲಿ ಒಂದು ಮನೆಯ ಮಹಡಿ ಮೇಲೆ ನಾನು ಮಸಾಜ್ ಕಲಿಸುವ ಸಣ್ಣದೊಂದು ಶಾಲೆ ನಡೆಸುತ್ತೇನೆ. ಎರಡು ಕೋಣೆ, ಮೂರು ಮಂಚ, ಒಂದು ಗೀಸರ್, ಬಟ್ಟೆ ಒಣಹಾಕಲು ತಾರಸಿ. ಒಂದು ತಂಡಕ್ಕೆ ಆರು ಜನ, ಎಲ್ಲರೂ ಹೆಣ್ಣುಮಕ್ಕಳು. ಫೋನ್ ಮಾಡಿದವರು ಮೊದಲು ಕೇಳುವುದು ಒಂದೇ ಮಾತು: "ಫೀಸು ಎಷ್ಟೈತಿ ಮೇಡಂ?" ಅಂಕಿ ಹೇಳುತ್ತೇನೆ. ಅರ್ಧಕ್ಕರ್ಧ ಜನ "ಮನ್ಯಾಗ ಕೇಳಿ ಹೇಳ್ತೀನ್ರೀ" ಅಂತ ಫೋನ್ ಇಡುತ್ತಾರೆ. ಅವರ ಮೇಲೆ ನನಗೆ ಬೇಜಾರಿಲ್ಲ. ಆದರೆ ಫೋನ್ ಇಡುವ ಮೊದಲು ಅವರು ಇನ್ನೊಂದು ಪ್ರಶ್ನೆ ಕೇಳಬೇಕಿತ್ತು ಅನ್ನಿಸುತ್ತದೆ. ಈ ಫೀಸಿನಲ್ಲಿ ನನ್ನ ಕೈ ಎಷ್ಟು ದಿನ ಎಣ್ಣೆಯಲ್ಲಿರುತ್ತದೆ, ಅಂತ. ಆ ಪ್ರಶ್ನೆಯ ಬೆಲೆ ನನಗೆ ಗೊತ್ತಾಗಿದ್ದು ದುಡ್ಡು ಕಳೆದುಕೊಂಡ ಮೇಲೆ.

ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ದೊಡ್ಡ ಊರಿನ ಒಂದು ಸಂಸ್ಥೆಗೆ ಕಲಿಯಲು ಹೋದೆ. ಎಂಟು ಸಾವಿರ ಅಂದಿದ್ದರು. ನಮ್ಮಮ್ಮ ಚಿನ್ನದ ಅವಲಕ್ಕಿ ಸರ ಒತ್ತೆ ಇಟ್ಟು ಕೊಟ್ಟಳು. ಸೇರಿದ ವಾರಕ್ಕೆ ಸಮವಸ್ತ್ರದ ದುಡ್ಡು ಕೇಳಿದರು. ಆಮೇಲೆ ಪುಸ್ತಕದ್ದು, ಎಣ್ಣೆ ಬಾಟಲಿ ಟವೆಲ್ ಇರುವ ಒಂದು ಚೀಲದ್ದು, ಪರೀಕ್ಷೆಯದ್ದು, ಕೊನೆಗೆ ಸರ್ಟಿಫಿಕೇಟ್ ಬರೆಯುವುದಕ್ಕೂ ಬೇರೆ ದುಡ್ಡು. ಎಂಟು ಸಾವಿರ ಹೋಗಿ ಹದಿನಾರಾಯಿತು. ಮೂವತ್ತು ಜನಕ್ಕೆ ಒಂದೇ ಮಂಚ. ಮೇಷ್ಟ್ರು ಗೋಡೆಯ ಮೇಲಿನ ಚಿತ್ರ ತೋರಿಸಿ ಇದು ಬೆನ್ನಿನ ಸ್ನಾಯು, ಇದು ಭುಜದ ಸ್ನಾಯು ಅನ್ನುತ್ತಿದ್ದರು, ನಾವು ಬರೆದುಕೊಳ್ಳುತ್ತಿದ್ದೆವು. ಮೂರು ತಿಂಗಳಲ್ಲಿ ನಾನು ಇನ್ನೊಬ್ಬರ ಮೈ ಮುಟ್ಟಿ ಕಲಿತದ್ದು ಒಂಬತ್ತೇ ದಿನ. ಬಿಟ್ಟು ಬರೋಣ ಅಂದರೆ ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಅವರ ಬೀರುವಿನಲ್ಲಿತ್ತು. ಬಾಕಿ ಕಟ್ಟಿದರೆ ಕೊಡುತ್ತೇವೆ ಅಂದರು. ಅಮ್ಮನ ಸರ ಮತ್ತೆ ಮನೆಗೆ ಬರಲಿಲ್ಲ.

ನಿಜವಾಗಿ ಕೈ ಕಲಿತದ್ದು ಆಮೇಲೆ, ಒಂದು ಆಯುರ್ವೇದ ಆಸ್ಪತ್ರೆಯ ಪಂಚಕರ್ಮ ವಿಭಾಗದಲ್ಲಿ ಸಹಾಯಕಿಯಾಗಿ ಸೇರಿಕೊಂಡ ಮೇಲೆ. ಅದಕ್ಕೂ ಹಿಂದೆ ನಮ್ಮಜ್ಜಿ ಕೇರಿಯ ಬಾಣಂತಿಯರಿಗೆಲ್ಲ ಎರೆಯುತ್ತಿದ್ದಳು. ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಹರಳೆಣ್ಣೆ ಹಚ್ಚಿ ನೀವುತ್ತಿದ್ದಳು. ಕಲಿಯಲು ಅವಳು ಯಾರಿಗೂ ಕಾಸು ಕೊಟ್ಟಿರಲಿಲ್ಲ. ನಮ್ಮ ಚಳ್ಳಕೆರೆ ಸೀಮೆ ದಾಟಿದರೆ ಪಾವಗಡ. ಆ ಕಡೆಯ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್ 25ಕ್ಕೆ ತೀರಿಕೊಂಡರು. ಅವರೂ ಅಜ್ಜಿಯ ಪಕ್ಕ ಕೂತು ಕಲಿತವರೇ. ಹಾಗೆ ಪಕ್ಕದಲ್ಲಿ ಕೂತು ಕಲಿಯಲು ಈಗ ಮನೆಯಲ್ಲಿ ಅಜ್ಜಿಯರಿಲ್ಲ. ಅದಕ್ಕೇ ಶಾಲೆ, ಅದಕ್ಕೇ ಫೀಸು.

ಈಗ ನನ್ನ ಲೆಕ್ಕ ಬಿಚ್ಚಿಡುತ್ತೇನೆ. ನಾಲ್ಕು ತಿಂಗಳಿಗೆ ಒಬ್ಬರಿಗೆ 24,000 ರೂಪಾಯಿ. ಇದರ ಮೇಲೆ ಒಂದು ಪೈಸೆ ಇಲ್ಲ. ಎಣ್ಣೆ, ಟವೆಲ್, ಪುಸ್ತಕ, ಪರೀಕ್ಷೆ ಎಲ್ಲ ಅದರಲ್ಲೇ. ಆರು ಜನ ಸೇರಿದರೆ ತಿಂಗಳಿಗೆ 36,000 ಬಂದ ಹಾಗಾಯಿತು. ಬಾಡಿಗೆ 9,000. ವಾರಕ್ಕೆ ಎರಡು ದಿನ ಬಂದು ಮೂಳೆ, ಕೀಲು, ನರ, ರಕ್ತನಾಳದ ಪಾಠ ಮಾಡುವ ಫಿಸಿಯೋಥೆರಪಿ ಓದಿದ ಹುಡುಗಿಗೆ 6,000. ಕರೆಂಟು, ಗ್ಯಾಸು, ಬಟ್ಟೆ ಒಗೆಯುವುದು ಸೇರಿ 4,000. ಎಣ್ಣೆ ಹತ್ತಿದ ಟವೆಲ್ ಬರೀ ಸೋಪಿಗೆ ಬಿಡುವುದಿಲ್ಲ, ಬಿಸಿನೀರಿಗೆ ಸೋಡಾ ಹಾಕಿ ನೆನೆಸಬೇಕು. ಇಲ್ಲದಿದ್ದರೆ ಎರಡೇ ವಾರಕ್ಕೆ ಕಮಟು ವಾಸನೆ ಹಿಡಿಯುತ್ತದೆ.

ಇನ್ನು ಎಣ್ಣೆ. ತಲೆಯಿಂದ ಪಾದದವರೆಗೆ ಒಬ್ಬರಿಗೆ ಹಚ್ಚಿ ನೀವಲು ನೂರು ಮಿಲಿಲೀಟರಾದರೂ ಬೇಕು. ಆರು ಜನ ದಿನಕ್ಕೆ ಒಂದೊಂದು ಸಲ ಮಾಡಿದರೆ 600 ಮಿಲಿಲೀಟರ್. ತಿಂಗಳಲ್ಲಿ ಇಪ್ಪತ್ತು ದಿನಕ್ಕೆ 12 ಲೀಟರ್. ನಾಲ್ಕು ತಿಂಗಳಿಗೆ 48 ಲೀಟರ್, ಅಂದರೆ ಹದಿನೈದು ಕೆಜಿಯ ಮೂರು ಡಬ್ಬ ಹತ್ತಿರ. ನಾನು ತರುವುದು ಗಾಣದ ಎಳ್ಳೆಣ್ಣೆ. ಲೀಟರಿಗೆ ನಾನೂರು ಹಿಡಿದರೂ ತಿಂಗಳಿಗೆ ಐದು ಸಾವಿರದ ಹತ್ತಿರ ಆಗುತ್ತದೆ. "ಅಗ್ಗದ ಎಣ್ಣೆ ತಂದ್ರೆ ಆಗಲ್ವಾ" ಅಂತ ನಮ್ಮ ಮನೆಯವರೇ ಕೇಳಿದ್ದಾರೆ. ಆಗುವುದಿಲ್ಲ. ಎಳ್ಳೆಣ್ಣೆ ಕೈ ಕೆಳಗೆ ಎಷ್ಟು ಹೊತ್ತು ಜಾರುತ್ತದೆ, ಯಾವಾಗ ಚರ್ಮ ಹೀರಿಕೊಂಡು ಕೈ ಹಿಡಿಯುತ್ತದೆ, ಆಗ ಎಷ್ಟು ಹನಿ ಸೇರಿಸಬೇಕು ಅನ್ನುವುದೇ ಪಾಠ. ಎಲ್ಲ ಕಳೆದು ನನಗೆ ಉಳಿಯುವುದು ತಿಂಗಳಿಗೆ 12,000. ಇದನ್ನೂ ಸೇರಿದ ದಿನವೇ ಮಕ್ಕಳಿಗೆ ಹೇಳುತ್ತೇನೆ. ತಮ್ಮ ದುಡ್ಡು ಎಲ್ಲಿಗೆ ಹೋಯಿತು ಅನ್ನುವುದು ಅವರಿಗೆ ಗೊತ್ತಿರಲಿ.

ಜೋಡಿಯಲ್ಲಿ ಒಬ್ಬಳು ಇನ್ನೊಬ್ಬಳಿಗೆ ನೀವಿದರೆ, ಅದೇ ದಿನ ತಾನೂ ಅವಳಿಂದ ನೀವಿಸಿಕೊಳ್ಳಬೇಕು. ನಾಲ್ಕು ತಿಂಗಳಲ್ಲಿ ಎಂಬತ್ತು ದಿನ. ಮೊದಲ ಎರಡು ವಾರ ಕೈ, ಪಾದಗಳಲ್ಲೇ ಕಳೆದರೂ ಎಪ್ಪತ್ತು ಸಲ ಪೂರ್ತಿ ಮೈ ನೀವಿರುತ್ತಾಳೆ, ಎಪ್ಪತ್ತು ಸಲ ನೀವಿಸಿಕೊಂಡಿರುತ್ತಾಳೆ. ನೀವಿಸಿಕೊಳ್ಳುವುದು ಪುಕ್ಕಟೆ ಸುಖ ಅಂದುಕೊಳ್ಳಬೇಡಿ. ಹೆಬ್ಬೆರಳು ಎಲ್ಲಿ ಚುಚ್ಚಿತು, ಎಲ್ಲಿ ಅವಸರ ಆಯಿತು ಅನ್ನುವುದನ್ನು ಮಂಚದ ಮೇಲೆ ಮಲಗಿದವಳೇ ಹೇಳಬೇಕು.

ಈ ಜೋಡಿ ಲೆಕ್ಕವೇ ದಾಖಲಾತಿಯ ದೊಡ್ಡ ತಲೆನೋವು. ಆರು ಜನ ಇದ್ದರೆ ಮೂರು ಜೋಡಿ. ನಡುವೆ ಒಬ್ಬಳು ಬಿಟ್ಟುಹೋದರೆ ಇನ್ನೊಬ್ಬಳಿಗೆ ನೀವಿ ಕಲಿಯಲು ಜೋಡಿ ಇಲ್ಲ. ಎರಡು ವರ್ಷದ ಹಿಂದೆ ಒಬ್ಬ ಹುಡುಗಿಗೆ ಮೂರನೇ ವಾರದಲ್ಲಿ ಮದುವೆ ಗೊತ್ತಾಯಿತು, ಹೊರಟುಹೋದಳು. ಉಳಿದ ದಿನಗಳಲ್ಲಿ ಅವಳ ಜೋಡಿಗೆ ನಾನೇ ಮಂಚದ ಮೇಲೆ ಮಲಗುತ್ತಿದ್ದೆ, ಮಲಗಿಕೊಂಡೇ ಬೇರೆಯವರಿಗೆ ಪಾಠ ಹೇಳುತ್ತಿದ್ದೆ. ಅದಕ್ಕೇ ಈಗ ಮೊದಲ ವಾರ ದುಡ್ಡು ಮುಟ್ಟುವುದಿಲ್ಲ. ಬಂದು ನೋಡಲಿ, ಕೈಗೆ ಎಣ್ಣೆ ಹಿಡಿಯಲಿ. ಬೇಡ ಅನ್ನಿಸಿದರೆ ಆ ವಾರದಲ್ಲೇ ಹೇಳಲಿ.

ಸೇರಲು ಏನೇನು ಬೇಕು ಅಂದರೆ, ಹದಿನೆಂಟು ತುಂಬಿರಬೇಕು. ಇದರಲ್ಲಿ ಮಾತ್ರ ಯಾರ ಶಿಫಾರಸೂ ನಡೆಯುವುದಿಲ್ಲ. ಎಸ್ಸೆಸ್ಸೆಲ್ಸಿ ಆಗಿದ್ದರೆ ಒಳ್ಳೆಯದು, ಆಗದಿದ್ದರೂ ಓದಿ ಬರೆಯಲು ಬಂದರೆ ಸಾಕು. ಕೈಯಲ್ಲಿ ಗಾಯ, ಹುಳುಕಡ್ಡಿ, ತುರಿ ಇದ್ದರೆ ವಾಸಿ ಮಾಡಿಕೊಂಡು ಬನ್ನಿ ಅನ್ನುತ್ತೇನೆ. ಅಂಕಪಟ್ಟಿಯ ಜೆರಾಕ್ಸ್ ಸಾಕು, ಅಸಲು ಮುಟ್ಟುವುದೇ ಇಲ್ಲ. ಕಾಲೇಜು, ವಿಶ್ವವಿದ್ಯಾಲಯಗಳು ವಿದ್ಯಾರ್ಥಿಗಳ ಅಸಲು ದಾಖಲೆ ಇಟ್ಟುಕೊಳ್ಳಬಾರದು ಅಂತ ಅವುಗಳ ಮೇಲ್ವಿಚಾರಣೆಯ ಆಯೋಗ ಯುಜಿಸಿ 2018ರಲ್ಲೇ ಹೇಳಿದೆ. ನಮ್ಮಂಥ ಸಣ್ಣ ಶಾಲೆಗಳು ಆ ಮಾತಿನ ವ್ಯಾಪ್ತಿಗೆ ಬಾರದೇ ಇರಬಹುದು, ಆದರೂ ಯಾರಾದರೂ ನಿಮ್ಮ ಅಸಲು ಅಂಕಪಟ್ಟಿ ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ಫೀಸಿಗಿಂತ ಕಷ್ಟದ ಪ್ರಶ್ನೆಯನ್ನು ತಾಯಂದಿರು ಕೇಳುತ್ತಾರೆ. ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಒಬ್ಬ ತಾಯಿ ಮಗಳನ್ನು ಸೇರಿಸಲು ಬಂದಿದ್ದರು. ಮಗಳನ್ನು ನೀರು ತರಲು ಕಳಿಸಿ, ದನಿ ತಗ್ಗಿಸಿ ಕೇಳಿದರು: "ಇದು ಮರ್ಯಾದಿ ಕೆಲ್ಸಾನ ಮೇಡಂ? ಪೇಪರ್‌ನ್ಯಾಗ ಏನೇನೋ ಬರ್ತೈತಿ." ಅವರ ಅಂಜಿಕೆ ಸುಳ್ಳಲ್ಲ. ಮಸಾಜ್ ಅನ್ನುವ ಮಾತಿಗೆ ಕೆಟ್ಟ ಹೆಸರು ತಂದವರಿದ್ದಾರೆ. ಬಾಯಲ್ಲಿ ಉತ್ತರ ಕೊಡಲಿಲ್ಲ. ಒಳಗೆ ಕರೆದುಕೊಂಡು ಹೋಗಿ, ಮೈಮೇಲೆ ಹೊದಿಕೆ ಹೊದಿಸಿ, ಮಂಚದ ಮೇಲೆ ಮಲಗಿಸಿದೆ. ಇಬ್ಬರು ಹುಡುಗಿಯರು ಪಾದಕ್ಕೆ ಎಣ್ಣೆ ಹಚ್ಚಿದರು. ಭಟ್ಟಿಯ ಮುಂದೆ ನಿಂತು ನಿಂತು ಹಿಮ್ಮಡಿ ಬಿರುಕು ಬಿಟ್ಟಿತ್ತು, ಅಂಗೈ ಬಿಸಿಗೆ ಗಟ್ಟಿಯಾಗಿ ರೇಖೆಗಳೇ ಅಳಿಸಿದ್ದವು. ಹತ್ತು ನಿಮಿಷಕ್ಕೆ ಗೊರಕೆ. ಎದ್ದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಬಾಣಂತನ ಆದ್ಮ್ಯಾಲೆ ನನಗ್ಯಾರೂ ಎಣ್ಣೆ ಹಚ್ಚಿದ್ದಿಲ್ಲ" ಅಂದರು. ಮಗಳ ಹೆಸರು ಬರೆಸಿದರು.

ಅವರು ದುಡ್ಡು ಕಟ್ಟಿದ್ದು ಗೃಹಲಕ್ಷ್ಮಿಯ ಎರಡೆರಡು ಸಾವಿರದಲ್ಲಿ. ಲೆಕ್ಕ ಹಾಕಿದರೆ ನಮ್ಮ ಫೀಸು ಸರಿಯಾಗಿ ಒಬ್ಬ ತಾಯಿಯ ಒಂದು ವರ್ಷದ ಗೃಹಲಕ್ಷ್ಮಿ. ಹಾಗಾಗಿ ಕೋರ್ಸು ಮುಗಿದ ಮೇಲೂ ಎಂಟು ತಿಂಗಳು ಕಂತು ಕಟ್ಟುವವರಿದ್ದಾರೆ, ಇದುವರೆಗೆ ಯಾರೂ ಕೈಕೊಟ್ಟಿಲ್ಲ. ಜಗಳೂರು, ಹೊನ್ನಾಳಿ ಕಡೆಯವರು ಮೆಕ್ಕೆಜೋಳ ಮಾರಿದ ಮೇಲೆ ಒಟ್ಟಿಗೆ ಕೊಡುತ್ತೇವೆ ಅನ್ನುತ್ತಾರೆ, ಅದೂ ಆಗುತ್ತದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹರಿಹರದಿಂದ, ಚಿತ್ರದುರ್ಗದಿಂದ ದಿನಾ ಬಸ್ಸಲ್ಲಿ ಓಡಾಡುವ ಹುಡುಗಿಯರಿಗೆ ಚಾರ್ಜಿನ ಚಿಂತೆಯೇ ತಪ್ಪಿದೆ. ಮೊದಲು ಕೆಲವರಿಗೆ ಬಸ್ ಚಾರ್ಜೇ ದೊಡ್ಡ ಹೊರೆಯಾಗುತ್ತಿತ್ತು. ಒಂದು ಮಾತ್ರ ಬೇಡ. ಈ ಕಲಿಕೆಗಾಗಿ ವಾರದ ಬಡ್ಡಿಯ ಫೈನಾನ್ಸ್ ಸಾಲ ಎತ್ತಬೇಡಿ. ಕೈ ಪಳಗುವ ಮೊದಲೇ ಕಂತಿನವನು ಬಾಗಿಲಲ್ಲಿ ನಿಂತರೆ ಆ ಹುಡುಗಿ ಸಿಕ್ಕ ಕೆಲಸಕ್ಕೆ ಓಡುತ್ತಾಳೆ, ಎಂಥ ಜಾಗ ಅಂತ ನೋಡುವುದಿಲ್ಲ.

ದುಡ್ಡೇ ಇಲ್ಲದವರಿಗೆ ನಾನು ಮೊದಲು ಹೇಳುವುದು ಸರ್ಕಾರದ ದಾರಿ. ಜಿಲ್ಲಾ ಕೌಶಲ್ಯಾಭಿವೃದ್ಧಿ ಕಚೇರಿಯಲ್ಲಿ ಕೇಳಿ. ಕೇಂದ್ರದ ಕೌಶಲ್ಯ ವಿಕಾಸ ಯೋಜನೆ 2015ರಿಂದ ಇದೆ, ರಾಜ್ಯದ್ದು 2017ರಿಂದ. ಎರಡರಲ್ಲೂ ತರಬೇತಿ ಉಚಿತ. ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಲ್ಲಿ ಊಟ ವಸತಿಯೂ ಉಚಿತ. ನಿಮಗೆ ಬೇಕಾದ ವಿಷಯದ ತಂಡ ಆ ವರ್ಷ ಇದೆಯೋ ಇಲ್ಲವೋ ಅನ್ನುವುದನ್ನು ಹೋಗಿ ವಿಚಾರಿಸಬೇಕು. ಅಲ್ಲಿ ಸಿಕ್ಕಿದರೆ ನನ್ನ ಹತ್ತಿರ ಬರುವುದೇ ಬೇಡ.

ಸರ್ಟಿಫಿಕೇಟ್ ಬಗ್ಗೆಯೂ ನೇರವಾಗಿ ಹೇಳಬೇಕು. ನರ್ಸುಗಳಿಗೆ ಇರುವ ಹಾಗೆ ಮಸಾಜ್ ಮಾಡುವವರಿಗೆ ನಮ್ಮಲ್ಲಿ ಸರ್ಕಾರದ ನೋಂದಣಿ ಇಲ್ಲ. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ನೂರಾರು ಗಂಟೆ ಕಲಿತು, ಪರೀಕ್ಷೆ ಬರೆದು, ಪರವಾನಗಿ ಪಡೆಯದೆ ಈ ಕೆಲಸ ಮಾಡುವ ಹಾಗಿಲ್ಲ. ನ್ಯೂಯಾರ್ಕ್‌ನಲ್ಲಿ ಸಾವಿರ ಗಂಟೆ ಕೇಳುತ್ತಾರೆ. ನಮ್ಮಲ್ಲಿ ಆ ಬಿಗಿ ಇಲ್ಲದ್ದರಿಂದಲೇ ಹದಿನೈದು ದಿನಕ್ಕೆ ಬಂಗಾರದ ಅಕ್ಷರದ ಕಾಗದ ಕೊಡುವವರು ಹುಟ್ಟಿಕೊಂಡಿದ್ದಾರೆ. ನಾನು ಕೊಡುವುದು ನನ್ನ ಶಾಲೆಯ ಕಾಗದ, ಅದಕ್ಕೆ ಅಷ್ಟೇ ಬೆಲೆ. ಸರ್ಕಾರ ಒಪ್ಪುವ ಮಟ್ಟದ ಪ್ರಮಾಣಪತ್ರ ಬೇಕೆಂದವರು ಕೌಶಲ್ಯ ಮಂಡಳಿಯ ಮೌಲ್ಯಮಾಪನಕ್ಕೆ ಬೇರೆಯಾಗಿ ಕೂರಬೇಕು. ಹಾಗೆಯೇ, ಫಿಸಿಯೋಥೆರಪಿ ನಾಲ್ಕು ವರ್ಷಕ್ಕೂ ಮೀರಿದ ಪದವಿ. ನಾಲ್ಕು ತಿಂಗಳು ಕಲಿತ ನಮ್ಮ ಹುಡುಗಿ ಬೋರ್ಡಿನ ಮೇಲೆ ಥೆರಪಿಸ್ಟ್ ಅಂತ ಬರೆದುಕೊಂಡು ಸೊಂಟದ ಡಿಸ್ಕ್ ಸರಿಮಾಡುತ್ತೇನೆ ಅಂದರೆ ಅದು ತಪ್ಪು. ಬೈದು ಹೇಳಿದ್ದೇನೆ. ಜಿಎಸ್‌ಟಿ ಅಂತ ಹದಿನೆಂಟು ಪರ್ಸೆಂಟ್ ಸೇರಿಸುವವರನ್ನು ರಶೀದಿ ಕೇಳಿ, ಅದರಲ್ಲಿ ಜಿಎಸ್‌ಟಿ ನಂಬರ್ ಇದೆಯಾ ನೋಡಿ. ವರ್ಷಕ್ಕೆ ಇಪ್ಪತ್ತು ಲಕ್ಷ ದಾಟದ ನಮ್ಮಂಥ ಸಣ್ಣ ಶಾಲೆ ನೋಂದಣಿ ಮಾಡಿಸಬೇಕಾಗಿಲ್ಲ, ನೋಂದಣಿ ಇಲ್ಲದೆ ತೆರಿಗೆ ವಸೂಲಿ ಮಾಡುವ ಹಾಗೂ ಇಲ್ಲ.

ಹಾಗಾದರೆ 24,000ಕ್ಕೆ ಸಿಗುವುದೇನು? ಹೋದ ಮಳೆಗಾಲದ ಒಂದು ದಿನ. ಮೂರನೇ ತಿಂಗಳಲ್ಲಿ ಕೇರಿಯ ಹೆಂಗಸರನ್ನು ಕರೆದು ಅವರ ಮೇಲೆ ಅಭ್ಯಾಸ ಮಾಡಿಸುತ್ತೇವೆ. ಅವತ್ತು ಬಂದವರು ಐವತ್ತರ ಆಚೆಯವರು. ಹಿಂದಿನ ತಿಂಗಳು ಕಾಲು ಉಳುಕಿ ಮಲಗಿದ್ದರಂತೆ, "ಮೀನಖಂಡ ಹಿಡ್ಕಂಡೈತಿ, ಚೆನ್ನಾಗಿ ತಿಕ್ಕವ್ವ" ಅಂದರು. ಮಂಡಕ್ಕಿ ಭಟ್ಟಿಯ ಆ ತಾಯಿಯ ಮಗಳೇ ಮಂಚದ ಪಕ್ಕ ಇದ್ದಳು. ಬಟ್ಟಲಲ್ಲಿ ಬೆಚ್ಚಗಿನ ಎಣ್ಣೆ, ಎರಡೂ ಅಂಗೈ ಅದ್ದಿ ಆಗಿತ್ತು. ಮುಟ್ಟಿದವಳು ತಿಕ್ಕಲಿಲ್ಲ. ಕೈ ತೆಗೆದು ಇನ್ನೊಂದು ಕಾಲು ಮುಟ್ಟಿದಳು. ಮತ್ತೆ ಮೊದಲ ಕಾಲಿಗೆ ಬಂದಳು. "ಮೇಡಂ, ಈ ಕಾಲು ಬಿಸಿ ಐತಿ, ದಪ್ಪನೂ ಐತಿ, ಒಂದೇ ಕಾಲು" ಅಂದಳು. ಟೇಪು ಹಿಡಿದು ಅಳೆದೆವು, ನಿಜ. ಒಂದೇ ಮೀನಖಂಡ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ತಿಕ್ಕಿದರೆ ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಬಹುದು, ಜೀವಕ್ಕೇ ಅಪಾಯ. ಆಟೋ ತರಿಸಿ, ನಡೆಸದೆ ಕೂರಿಸಿ, ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅನುಮಾನ ನಿಜವಾಗಿತ್ತು, ಎರಡು ವಾರ ಬಿಟ್ಟು ಅವರು ತಾವೇ ಮಹಡಿ ಹತ್ತಿ ಬಂದು ಆ ಹುಡುಗಿಯ ಕೈ ಹಿಡಿದುಕೊಂಡರು.

ಮುಂದಿನ ತಂಡ ಯುಗಾದಿ ಮುಗಿದ ಮೇಲೆ ಶುರುವಾಗುತ್ತದೆ. ನಾಲ್ಕು ಜನ ಹೆಸರು ಬರೆಸಿದ್ದಾರೆ. ಇನ್ನೊಬ್ಬರು ಬಂದರೆ ಸಾಲದು, ಇಬ್ಬರು ಬೇಕು.

ನಮಸ್ಕಾರ.