ಗೇಮ್ ಕ್ರ್ಯಾಶ್ ಆಗ್ತಿದ್ಯಾ? ಕಾರ್ಡ್ ಬದಲಿಸುವ ಮೊದಲು ಮೆಮೊರಿ ಸೆಟ್ಟಿಂಗ್ ನೋಡಿ

ಎಲ್ಲರಿಗೂ ನಮಸ್ಕಾರ.

ಗೇಮ್ ಆಡುತ್ತಾ ಇರುತ್ತೀರಿ. ಇದ್ದಕ್ಕಿದ್ದ ಹಾಗೆ ಡೆಸ್ಕ್‌ಟಾಪ್‌ಗೆ ಬಂದು ಬೀಳುತ್ತೀರಿ. ಎರರ್ ಇಲ್ಲ, ಏನೂ ಇಲ್ಲ. ಇನ್ನೊಂದು ದಿನ ನೀಲಿ ಪರದೆ. ಮತ್ತೊಂದು ದಿನ ರಾತ್ರಿಯಿಡೀ ಆಡಿದರೂ ಏನೂ ಆಗುವುದಿಲ್ಲ. ಇದನ್ನು ಯಾರ ಹತ್ತಿರ ಹೇಳಿಕೊಂಡರೂ ಸಿಗುವ ಸಲಹೆ ಒಂದೇ ಥರ. ಡ್ರೈವರ್ ಅಪ್‌ಡೇಟ್ ಮಾಡಿ. ಗೇಮ್ ತೆಗೆದು ಮತ್ತೆ ಹಾಕಿ. ವಿಂಡೋಸ್ ಹೊಸದಾಗಿ ಹಾಕಿ. ಅದಕ್ಕೂ ಸರಿಹೋಗದಿದ್ದರೆ ಗ್ರಾಫಿಕ್ಸ್ ಕಾರ್ಡ್ ಹೋಗಿದೆ, ಬೇರೆ ತಗೊಳ್ಳಿ.

ಸ್ವಲ್ಪ ತಡೆಯಿರಿ. ಅಷ್ಟು ದುಡ್ಡು ಸುರಿಯುವ ಮೊದಲು ಬಯೋಸ್‌ಗೆ (ಕಂಪ್ಯೂಟರ್ ಆನ್ ಆದ ತಕ್ಷಣ, ವಿಂಡೋಸ್‌ಗೂ ಮೊದಲು ತೆರೆಯುವ ಸೆಟ್ಟಿಂಗ್ ಪುಟ) ಹೋಗಿ, ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಅಂತ ಇರುವ, ರ‍್ಯಾಮ್ ಸ್ಪೀಡ್ ಏರಿಸುವ ಸೆಟ್ಟಿಂಗನ್ನು ಆಫ್ ಮಾಡಿ, ಅದೇ ಗೇಮ್ ಆಡಿ ನೋಡಿ. ಐದು ನಿಮಿಷದ ಕೆಲಸ, ಒಂದು ರೂಪಾಯಿ ಖರ್ಚಿಲ್ಲ. ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದು ಇದು. ಇದರ ಜೊತೆಗೆ ಒಂದು ತಕರಾರೂ ಇದೆ. ರ‍್ಯಾಮ್ ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚು ಹಾಕಿದ ಸ್ಪೀಡ್ ಸಿಕ್ಕೇ ಸಿಗುತ್ತದೆ ಅನ್ನುವ ಹಾಗೆ ನಮಗೆ ಮಾರುತ್ತಾರಲ್ಲ, ಅದು ಸರಿಯಲ್ಲ.

ಯಾಕೆ ಅಂತ ಹೇಳುತ್ತೇನೆ. ರ‍್ಯಾಮ್ ಯಾವ ಸ್ಪೀಡಿನಲ್ಲಿ, ಎಷ್ಟು ವೋಲ್ಟೇಜಿನಲ್ಲಿ ಓಡಬೇಕು ಅಂತ ನಿಗದಿ ಮಾಡುವ ಸಂಸ್ಥೆ ಜೆಡೆಕ್. ಅದರ ಲೆಕ್ಕದಲ್ಲಿ ಹಿಂದಿನ ತಲೆಮಾರಿನ ರ‍್ಯಾಮ್ ಆದ ಡಿಡಿಆರ್4 ಅಂದರೆ 1.2 ವೋಲ್ಟ್, ಸ್ಪೀಡ್ 3200ರವರೆಗೆ (ಸೆಕೆಂಡಿಗೆ ಇಷ್ಟು ದಶಲಕ್ಷ ಸಲ ಡೇಟಾ ಸಾಗುತ್ತದೆ ಅಂತ). ಅದರ ನಂತರದ ಡಿಡಿಆರ್5 ಅಂದರೆ 1.1 ವೋಲ್ಟ್, ಪಿಸಿಗಳಲ್ಲಿ ಸಾಮಾನ್ಯವಾಗಿ 4800ರಿಂದ ಶುರು. ಪ್ರತಿ ಸ್ಟಿಕ್‌ನ ಮೇಲೂ ಒಂದು ಪುಟ್ಟ ಚಿಪ್ ಇರುತ್ತದೆ. ಈ ಮಾಹಿತಿಯೆಲ್ಲ ಅದರೊಳಗೆ ಬರೆದಿರುತ್ತದೆ. ಕಂಪ್ಯೂಟರ್ ಆನ್ ಆದಾಗ ಮದರ್‌ಬೋರ್ಡ್ ಅದನ್ನು ಓದಿಕೊಳ್ಳುತ್ತದೆ.

ಅದೇ ಚಿಪ್‌ನಲ್ಲಿ ಇನ್ನೊಂದು ಪ್ರೊಫೈಲ್ ಕೂಡ ಇರುತ್ತದೆ, ಜಾಸ್ತಿ ಸ್ಪೀಡ್, ಜಾಸ್ತಿ ವೋಲ್ಟೇಜ್ ಇರುವಂಥದ್ದು. ಇಂಟೆಲ್ 2007ರಲ್ಲಿ, ಡಿಡಿಆರ್3 ಕಾಲದಲ್ಲಿ, ಇದನ್ನು ಎಕ್ಸ್‌ಎಂಪಿ ಅನ್ನುವ ಹೆಸರಿನಲ್ಲಿ ತಂದಿತು. ಎಎಂಡಿ 2022ರಲ್ಲಿ ತನ್ನ ರೈಜನ್ 7000 ಪ್ರೊಸೆಸರ್‌ಗಳ ಜೊತೆಗೆ ಎಕ್ಸ್‌ಪೋ ತಂದಿತು. ಹೆಸರು ಬೇರೆ, ಕೆಲಸ ಒಂದೇ. ಬಯೋಸ್‌ನಲ್ಲಿ ಒಂದು ಕ್ಲಿಕ್ ಮಾಡಿದರೆ ಸಾಕು, 4800ರಲ್ಲಿ ಓಡುತ್ತಿದ್ದ ರ‍್ಯಾಮ್ 6000ಕ್ಕೆ ಹೋಗುತ್ತದೆ, 1.1 ವೋಲ್ಟ್ ಇದ್ದದ್ದು 1.35 ಆಗುತ್ತದೆ. ಅಷ್ಟು ಸುಲಭ. ಸುಲಭ ಆಗಿರುವುದರಿಂದಲೇ ಇದು ಓವರ್‌ಕ್ಲಾಕ್, ಅಂದರೆ ನಿಗದಿಗಿಂತ ಜಾಸ್ತಿ ಸ್ಪೀಡಿನಲ್ಲಿ ಓಡಿಸುವುದು, ಅನ್ನುವುದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

ಈಗ ಮುಖ್ಯ ವಿಷಯಕ್ಕೆ ಬನ್ನಿ. ರ‍್ಯಾಮ್ ಕಂಪನಿ 6000 ಅಂತ ಹೇಳುವುದು ಅದರ ಸ್ಟಿಕ್ ಬಗ್ಗೆ ಮಾತ್ರ. ಆ ಸ್ಟಿಕ್ ಜೊತೆ ಮಾತಾಡುವ ಮೆಮೊರಿ ಕಂಟ್ರೋಲರ್ ಇರುವುದು ನಿಮ್ಮ ಪ್ರೊಸೆಸರ್‌ನ ಒಳಗೆ. ಪ್ರೊಸೆಸರ್ ಮಾಡಿದವರು ಏನು ಹೇಳುತ್ತಾರೆ? ರೈಜನ್ 7000ಕ್ಕೆ ಎಎಂಡಿ ಅಧಿಕೃತವಾಗಿ ಹೇಳಿರುವುದು 5200, ಅದೂ ಎರಡು ಸ್ಟಿಕ್ ಹಾಕಿದಾಗ. ನಾಲ್ಕು ಸ್ಟಿಕ್ ಹಾಕಿದರೆ 3600 ಮಾತ್ರ. ಇಂಟೆಲ್ 12ನೇ ತಲೆಮಾರಿಗೆ ಡಿಡಿಆರ್5 ಆದರೆ 4800. ಅದರ ಮೇಲೆ ಹೋದಷ್ಟೂ ನಿಮ್ಮ ಜವಾಬ್ದಾರಿ. ಓವರ್‌ಕ್ಲಾಕ್‌ನಿಂದ ಏನಾದರೂ ಆದರೆ ವಾರಂಟಿ ಸಿಗದೇ ಹೋಗಬಹುದು ಅಂತ ಎರಡೂ ಕಂಪನಿಗಳು ಬರೆದಿಟ್ಟಿವೆ, ಚಿಕ್ಕ ಅಕ್ಷರದಲ್ಲಿ. ಪೆಟ್ಟಿಗೆ ಮೇಲೆ 6000 ದೊಡ್ಡ ಅಕ್ಷರದಲ್ಲಿ. ನನಗೆ ಸಿಟ್ಟು ಬರುವುದು ಇಲ್ಲೇ.

ಒಂದೇ ಮಾಡೆಲ್‌ನ ಎರಡು ಪ್ರೊಸೆಸರ್ ಕೂಡ ಒಂದೇ ಥರ ಇರುವುದಿಲ್ಲ. ನಿಮ್ಮ ಸ್ನೇಹಿತನ ಸಿಸ್ಟಂನಲ್ಲಿ 6400 ಆರಾಮಾಗಿ ಓಡಬಹುದು. ಅದೇ ರ‍್ಯಾಮ್ ನಿಮ್ಮಲ್ಲಿ 6000ಕ್ಕೇ ತಡವರಿಸಬಹುದು. ಅದರಲ್ಲಿ ನಿಮ್ಮ ತಪ್ಪೇನೂ ಇಲ್ಲ.

"ಬ್ರೌಸರ್, ಸಿನಿಮಾ, ಎಕ್ಸೆಲ್ ಎಲ್ಲ ಚೆನ್ನಾಗೇ ನಡೆಯುತ್ತಲ್ಲ, ಗೇಮ್‌ನಲ್ಲೇ ಯಾಕೆ?" ಅಂತ ಕೇಳುತ್ತಾರೆ. ಮೆಮೊರಿಯಲ್ಲಿ ಎಲ್ಲೋ ಒಂದು ಬಿಟ್ ತಪ್ಪಾಯಿತು ಅಂದುಕೊಳ್ಳಿ, ಸೊನ್ನೆ ಇರಬೇಕಾದಲ್ಲಿ ಒಂದು. ಅದು ಫೋಟೋದ ಒಂದು ಚುಕ್ಕೆಯಲ್ಲಿ ಆಗಿದ್ದರೆ ನಿಮ್ಮ ಕಣ್ಣಿಗೂ ಬೀಳುವುದಿಲ್ಲ. ಡೇಟಾ ಎಲ್ಲಿದೆ ಅಂತ ಹೇಳುವ ವಿಳಾಸದಲ್ಲಿ ಆಗಿದ್ದರೆ ಪ್ರೋಗ್ರಾಂ ತನ್ನದಲ್ಲದ ಜಾಗಕ್ಕೆ ಕೈ ಹಾಕುತ್ತದೆ, ವಿಂಡೋಸ್ ಅದನ್ನು ಅಲ್ಲೇ ನಿಲ್ಲಿಸುತ್ತದೆ. ಗೇಮ್ ಗಿಗಾಬೈಟ್‌ಗಟ್ಟಲೆ ಫೈಲ್ ಬಿಚ್ಚಿ ಮೆಮೊರಿಗೆ ತುಂಬುತ್ತಲೇ ಇರುತ್ತದೆ. ಹಾಗಾಗಿ ತಪ್ಪು ಸಿಕ್ಕಿಬೀಳುವ ಸಂದರ್ಭವೂ ಜಾಸ್ತಿ.

ಇದರ ಮೇಲೆ ಬಿಸಿ. ಗೇಮ್ ಆಡುವಾಗ ಗ್ರಾಫಿಕ್ಸ್ ಕಾರ್ಡಿನ ಬಿಸಿ ಗಾಳಿ ಮೇಲೆದ್ದು ರ‍್ಯಾಮ್‌ಗೇ ಬಡಿಯುತ್ತದೆ. ಮೆಮೊರಿಯ ಒಂದೊಂದು ಬಿಟ್ಟೂ ಒಂದು ಸಣ್ಣ ಕೆಪಾಸಿಟರ್‌ನಲ್ಲಿ ಇರುವ ಚಾರ್ಜ್. ಅದು ಸೋರುತ್ತಲೇ ಇರುತ್ತದೆ. ಡಿಡಿಆರ್4ನಲ್ಲಿ ಪ್ರತಿ 64 ಮಿಲಿಸೆಕೆಂಡಿಗೊಮ್ಮೆ ಅದನ್ನು ಮತ್ತೆ ತುಂಬಬೇಕು. ಬಿಸಿ ಹೆಚ್ಚಾದಷ್ಟೂ ಸೋರುವುದು ಹೆಚ್ಚು. 85 ಡಿಗ್ರಿ ದಾಟಿದರೆ ಎರಡು ಪಟ್ಟು ಬೇಗ ತುಂಬಬೇಕು ಅಂತ ಜೆಡೆಕ್ ನಿಯಮವೇ ಇದೆ. ಕಲಬುರಗಿ, ರಾಯಚೂರಿನ ಕಡೆ ಮೇ ತಿಂಗಳಲ್ಲಿ ಹೊರಗೇ 40 ಡಿಗ್ರಿ ದಾಟುತ್ತದೆ. ಎಸಿ ಇಲ್ಲದ ರೂಮಿನಲ್ಲಿ, ಗಾಳಿ ಆಡದ ಕ್ಯಾಬಿನೆಟ್‌ನಲ್ಲಿ ಏನಾಗುತ್ತದೆ ಯೋಚಿಸಿ. ಡಿಸೆಂಬರ್‌ನಲ್ಲಿ ಸರಿಯಾಗಿದ್ದ ಸಿಸ್ಟಂ ಏಪ್ರಿಲ್‌ನಲ್ಲಿ ಕ್ರ್ಯಾಶ್ ಆಗಲು ಶುರುವಾದರೆ ಮೊದಲ ಅನುಮಾನ ಇದರ ಮೇಲೇ ಇರಲಿ.

ದಾವಣಗೆರೆಯಲ್ಲಿರುವ ನಮ್ಮ ಅಕ್ಕನ ಮಗನ ಪಿಸಿ ವಿಷಯ ಹೇಳುತ್ತೇನೆ. ರೈಜನ್ 7000 ಸರಣಿಯ ಪ್ರೊಸೆಸರ್. ಮೊದಲು 16 ಜಿಬಿಯ ಎರಡು ಸ್ಟಿಕ್ ಇತ್ತು, 6000ರದ್ದು. ಆಮೇಲೆ ಅಂಗಡಿಯವರು "ಇನ್ನೆರಡು ಹಾಕ್ಕೊಳ್ಳಿ, ಸೂಪರ್ ಆಗಿರುತ್ತೆ" ಅಂದರು. ಅದೇ ಮಾಡೆಲ್, ಇನ್ನೆರಡು ಹಾಕಿಸಿದ. ಆಗಿನಿಂದ ಶುರುವಾಯಿತು ತೊಂದರೆ. ಒಂದು ದೊಡ್ಡ ಓಪನ್ ವರ್ಲ್ಡ್ ಗೇಮ್, ಊರೊಳಗೆ ಗಾಡಿ ಓಡಿಸಿದರೆ ಸಾಕು, ಕ್ಲೋಸ್. ಹುಡುಗ ಗ್ರಾಫಿಕ್ಸ್ ಕಾರ್ಡ್ ಮಾರಲು ಗಿರಾಕಿಯನ್ನೂ ನೋಡಿಟ್ಟಿದ್ದ. "ಮಾಮಾ, ಕಾರ್ಡೇ ಹೋಗಿದೆ ಅಂತಿದಾರೆ ಎಲ್ರೂ" ಅಂದ.

ರೀಸ್ಟಾರ್ಟ್ ಮಾಡಿ, ಡಿಲೀಟ್ ಕೀ ಒತ್ತುತ್ತಾ ಬಯೋಸ್‌ಗೆ ಹೋದೆವು. ನಾಲ್ಕು ಸ್ಲಾಟ್ ಭರ್ತಿ, ಎಕ್ಸ್‌ಪೋ ಆನ್, 6000. ಎಎಂಡಿ ಹೇಳಿದ್ದು 3600 ಇರುವ ಕಡೆ ಇವನು 6000 ಓಡಿಸುತ್ತಿದ್ದ. ಎಕ್ಸ್‌ಪೋ ಆಫ್ ಮಾಡಿ ಸೇವ್ ಕೊಟ್ಟೆ. ಪರದೆ ಕಪ್ಪಾಯಿತು. ಫ್ಯಾನ್ ತಿರುಗುತ್ತಿದೆ, ಬೋರ್ಡಿನ ಮೂಲೆಯಲ್ಲಿ ಡಿರ‍್ಯಾಮ್ ಅಂತ ಬರೆದಿರುವ ಹಳದಿ ಲೈಟ್ ಉರಿಯುತ್ತಿದೆ, ಪರದೆಯಲ್ಲಿ ಮಾತ್ರ ಏನೂ ಇಲ್ಲ. ಒಂದು ನಿಮಿಷ, ಎರಡು ನಿಮಿಷ. ಹುಡುಗ ಪವರ್ ಬಟನ್‌ಗೆ ಕೈ ಚಾಚಿದ. ನಾನು ತಡೆದೆ. ಡಿಡಿಆರ್5ನಲ್ಲಿ ಸೆಟ್ಟಿಂಗ್ ಬದಲಿಸಿದ ಮೇಲೆ ಬೋರ್ಡ್ ಮೆಮೊರಿ ಜೊತೆ ಹೊಂದಾಣಿಕೆ ಮಾಡಿಕೊಳ್ಳುತ್ತದೆ. ಮೆಮೊರಿ ಟ್ರೈನಿಂಗ್ ಅನ್ನುತ್ತಾರೆ. ಸ್ಟಿಕ್ ಜಾಸ್ತಿ ಇದ್ದಷ್ಟೂ ಹೊತ್ತು ಜಾಸ್ತಿ. ಇಲ್ಲೇ ಎಷ್ಟೋ ಜನ ಹೆದರಿ ಆಫ್ ಮಾಡಿ, ಬೋರ್ಡ್ ಸತ್ತುಹೋಯಿತು ಅಂದುಕೊಳ್ಳುತ್ತಾರೆ. ಸುಮ್ನೆ ಕಾಯಿರಿ. ಕಾಲು ಗಂಟೆ ಆದರೂ ಬರದಿದ್ದರೆ ಮಾತ್ರ ಸಿಮೋಸ್ ಕ್ಲಿಯರ್ ಮಾಡಿ, ಅಂದರೆ ಬಯೋಸ್ ಸೆಟ್ಟಿಂಗ್‌ಗಳನ್ನೆಲ್ಲ ಮೊದಲಿನ ಸ್ಥಿತಿಗೆ ತನ್ನಿ.

ಬಂತು. 3600. ಅದೇ ಊರು, ಅದೇ ರಸ್ತೆ, ಗಾಡಿ ಓಡಿಸುತ್ತಲೇ ಇದ್ದ, ಏನೂ ಆಗಲಿಲ್ಲ. ಆಮೇಲೆ ಎರಡು ಸ್ಟಿಕ್ ತೆಗೆದು, ಉಳಿದ ಎರಡನ್ನು ಪ್ರೊಸೆಸರ್ ಕಡೆಯಿಂದ ಎಣಿಸಿದರೆ ಎರಡನೇ ಮತ್ತು ನಾಲ್ಕನೇ ಸ್ಲಾಟ್‌ಗೆ ಹಾಕಿ, ಎಕ್ಸ್‌ಪೋ ಮತ್ತೆ ಆನ್ ಮಾಡಿದೆವು. 6000 ಕೂಡ ನಿಂತಿತು. ಅವನ ಗೇಮ್‌ಗಳಿಗೆ 32 ಜಿಬಿ ಧಾರಾಳ. ಕಾರ್ಡ್ ಮಾರಲಿಲ್ಲ.

ಇದು ಕೇಳಿ ಎಲ್ಲರೂ ಎಕ್ಸ್‌ಎಂಪಿ ಆಫ್ ಮಾಡಿಕೊಂಡೇ ಕೂತುಬಿಡಿ ಅಂತ ನಾನು ಹೇಳುವುದಿಲ್ಲ. ದುಡ್ಡು ಕೊಟ್ಟಿದ್ದೀರಿ, ಸ್ಪೀಡ್ ಬೇಕು, ನ್ಯಾಯವೇ. ಆಫ್ ಮಾಡುವುದು ಕಳ್ಳ ಯಾರು ಅಂತ ಗೊತ್ತು ಮಾಡಿಕೊಳ್ಳಲು. ಆಫ್ ಮಾಡಿದಾಗ ಕ್ರ್ಯಾಶ್ ನಿಂತರೆ ಪ್ರೊಫೈಲ್ ಮತ್ತೆ ಆನ್ ಮಾಡಿ, ಬರೀ ಸ್ಪೀಡ್ ಒಂದನ್ನು ಕೆಳಗಿಳಿಸಿ. 6000 ಇದ್ದರೆ 5600 ಮಾಡಿ, ವೋಲ್ಟೇಜ್, ಟೈಮಿಂಗ್ ಹಾಗೇ ಇರಲಿ. ಬಹಳಷ್ಟು ಸಿಸ್ಟಂಗಳು ಅಲ್ಲೇ ತಣ್ಣಗಾಗುತ್ತವೆ. ಆ 400ರಿಂದ ಏನು ಕಳೆದುಕೊಳ್ಳುತ್ತೀರಿ? ಗ್ರಾಫಿಕ್ಸ್ ಸೆಟ್ಟಿಂಗ್ ಏರಿಸಿ ಆಡುವವರಾದರೆ ಗೊತ್ತೇ ಆಗುವುದಿಲ್ಲ, ಅಲ್ಲಿ ತಡೆಯುವುದು ಕಾರ್ಡೇ ಹೊರತು ರ‍್ಯಾಮ್ ಅಲ್ಲ. 7800ಎಕ್ಸ್3ಡಿ ಥರದ ಪ್ರೊಸೆಸರ್ ಇದ್ದರೆ ಒಳಗೇ 96 ಎಂಬಿ ಎಲ್3 ಕ್ಯಾಷ್ (ತುಂಬಾ ವೇಗದ ಪುಟ್ಟ ಮೆಮೊರಿ) ಇರುತ್ತದೆ, ರ‍್ಯಾಮ್ ಸ್ಪೀಡನ್ನು ಅಷ್ಟಾಗಿ ನೆಚ್ಚಿಕೊಳ್ಳುವುದಿಲ್ಲ. ಕಡಿಮೆ ಸೆಟ್ಟಿಂಗ್‌ನಲ್ಲಿ ಶೂಟರ್ ಗೇಮ್ ಆಡುತ್ತಾ ಫ್ರೇಮ್ ಲೆಕ್ಕ ಹಾಕುವವರಿಗೆ ವ್ಯತ್ಯಾಸ ಕಾಣಬಹುದು, ಒಪ್ಪುತ್ತೇನೆ. ಆದರೆ ಮ್ಯಾಚ್ ಮಧ್ಯದಲ್ಲಿ ಗೇಮ್ ಬಿದ್ದುಹೋದರೆ ಆ ಫ್ರೇಮ್ ಇಟ್ಟುಕೊಂಡು ಏನು ಮಾಡುತ್ತೀರಿ?

ಒಂದು ಕೆಲಸ ಮಾತ್ರ ಮಾಡಬೇಡಿ. ಸ್ಪೀಡ್ ನಿಲ್ಲುತ್ತಿಲ್ಲ ಅಂತ ಯಾರೋ ಹೇಳಿದ ವೋಲ್ಟೇಜನ್ನು ಕಣ್ಣು ಮುಚ್ಚಿ ಏರಿಸಬೇಡಿ. 2023ರಲ್ಲಿ ರೈಜನ್ 7000ಎಕ್ಸ್3ಡಿ ಪ್ರೊಸೆಸರ್‌ಗಳು ಕೆಲವರ ಬೋರ್ಡಿನಲ್ಲೇ ಸುಟ್ಟುಹೋದವು. ಎಕ್ಸ್‌ಪೋ ಆನ್ ಮಾಡಿದಾಗ ಕೆಲವು ಬೋರ್ಡ್‌ಗಳು ಎಸ್ಒಸಿ ವೋಲ್ಟೇಜನ್ನು (ಪ್ರೊಸೆಸರ್‌ನಲ್ಲಿ ಮೆಮೊರಿ ಕಂಟ್ರೋಲರ್ ಇರುವ ಭಾಗದ ವೋಲ್ಟೇಜ್) ತಾವೇ ಜಾಸ್ತಿ ಏರಿಸುತ್ತಿದ್ದವು. ಆಮೇಲೆ ಎಎಂಡಿ ಹೊಸ ಫರ್ಮ್‌ವೇರ್ ಕೊಟ್ಟು ಅದನ್ನು 1.3 ವೋಲ್ಟ್‌ಗೆ ಕಟ್ಟಿಹಾಕಿತು. ಆ ಸಮಯದ ಬೋರ್ಡ್ ತಗೊಂಡು ಬಯೋಸ್ ಅಪ್‌ಡೇಟ್ ಮಾಡದೇ ಇರುವವರು ಇವತ್ತೇ ಮಾಡಿಕೊಳ್ಳಿ.

ಇನ್ನು ವಿಂಡೋಸ್ ಒಳಗಿನ ಪೇಜ್‌ಫೈಲ್, ಅಂದರೆ ರ‍್ಯಾಮ್ ಸಾಲದಾದಾಗ ವಿಂಡೋಸ್ ಡಿಸ್ಕ್‌ನಲ್ಲಿ ಬಳಸಿಕೊಳ್ಳುವ ಫೈಲ್. "16 ಜಿಬಿ ರ‍್ಯಾಮ್ ಇದ್ದರೆ ಪೇಜ್‌ಫೈಲ್ ಯಾಕೆ, ಆಫ್ ಮಾಡಿ, ಗೇಮ್ ಫಾಸ್ಟ್ ಆಗುತ್ತೆ" ಅನ್ನುವ ಸಲಹೆ ಇವತ್ತಿಗೂ ಓಡಾಡುತ್ತಿದೆ. ಇದು ಕೆಟ್ಟ ಸಲಹೆ. ಪ್ರೋಗ್ರಾಂ ಒಂದು ಮೆಮೊರಿ ಕೇಳಿದಾಗ, ಅದನ್ನು ಇನ್ನೂ ಬಳಸದೇ ಇದ್ದರೂ, ಕೊಡುತ್ತೇನೆ ಅಂತ ವಿಂಡೋಸ್ ಒಪ್ಪಿಕೊಳ್ಳಬೇಕು. ಹಾಗೆ ಎಷ್ಟು ಒಪ್ಪಿಕೊಳ್ಳಬಹುದು ಅನ್ನುವುದಕ್ಕೆ ಮಿತಿ ಇದೆ: ರ‍್ಯಾಮ್ ಮತ್ತು ಪೇಜ್‌ಫೈಲ್ ಎರಡೂ ಸೇರಿ. ಪೇಜ್‌ಫೈಲ್ ತೆಗೆದರೆ ಆ ಮಿತಿ ಕುಗ್ಗುತ್ತದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಇನ್ನೂ 4 ಜಿಬಿ ಖಾಲಿ ಕಾಣುತ್ತಿರುತ್ತದೆ, ಗೇಮ್ ಮಾತ್ರ ಮೆಮೊರಿ ಸಿಗದೆ ಬಿದ್ದಿರುತ್ತದೆ. ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ಕಮಿಟೆಡ್ ಅಂತ ಎರಡು ಸಂಖ್ಯೆ ಇರುತ್ತದೆ, ಅದನ್ನು ನೋಡಿ. ಎರಡೂ ಹತ್ತಿರ ಹತ್ತಿರ ಬಂದಿದ್ದರೆ ನಿಮ್ಮ ಕ್ರ್ಯಾಶ್‌ಗೆ ಕಾರಣ ಅಲ್ಲೇ ಇದೆ. ವಿಂಡೋಸ್ ತನ್ನ ಎರರ್‌ಗಳನ್ನು ದಾಖಲಿಸುವ ಈವೆಂಟ್ ವ್ಯೂವರ್‌ನಲ್ಲಿ ರಿಸೋರ್ಸ್ ಎಕ್ಸಾಸ್ಚನ್ ಅಂತ 2004 ನಂಬರಿನ ಎಚ್ಚರಿಕೆಯೂ ಸಿಗಬಹುದು. ಪೇಜ್‌ಫೈಲನ್ನು ವಿಂಡೋಸ್‌ಗೇ ಬಿಟ್ಟುಬಿಡಿ, ಆಟೋಮ್ಯಾಟಿಕ್ ಅನ್ನುವುದಕ್ಕೆ ಟಿಕ್ ಹಾಕಿ, ಸಿ ಡ್ರೈವ್‌ನಲ್ಲಿ ಜಾಗ ಖಾಲಿ ಇಟ್ಟುಕೊಳ್ಳಿ. ಅಷ್ಟೇ.

ಎಲ್ಲ ಕ್ರ್ಯಾಶ್‌ಗೂ ರ‍್ಯಾಮನ್ನೇ ಬೈಯುವುದೂ ತಪ್ಪು. ಇಂಟೆಲ್ 13 ಮತ್ತು 14ನೇ ತಲೆಮಾರಿನ ಪ್ರೊಸೆಸರ್‌ಗಳ ಕಥೆ ನೆನಪಿದೆಯಲ್ಲ? ಗೇಮ್ ತೋರಿಸುತ್ತಿದ್ದ ಎರರ್ ವಿಡಿಯೋ ಮೆಮೊರಿ ಖಾಲಿಯಾಗಿದೆ ಅಂತ. 24 ಜಿಬಿ ಕಾರ್ಡ್ ಇದ್ದವರಿಗೂ ಅದೇ ಎರರ್. ಕೊನೆಗೆ ನೋಡಿದರೆ ತೊಂದರೆ ಇದ್ದದ್ದು ಪ್ರೊಸೆಸರ್‌ನಲ್ಲಿ, ಅದಕ್ಕೆ ಹೋಗುತ್ತಿದ್ದ ವೋಲ್ಟೇಜ್‌ನಲ್ಲಿ. 2024ರ ಆಗಸ್ಟ್‌ನಲ್ಲಿ ಇಂಟೆಲ್ 0ಎಕ್ಸ್129 ಅನ್ನುವ ಮೈಕ್ರೋಕೋಡ್ (ಬಯೋಸ್ ಅಪ್‌ಡೇಟ್ ಜೊತೆ ಬರುವ, ಪ್ರೊಸೆಸರ್‌ಗೆ ಮಾಡುವ ತಿದ್ದುಪಡಿ) ಕೊಟ್ಟಿತು, ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು. ಹಾಗಾಗಿ ಆ ಪ್ರೊಸೆಸರ್ ಇರುವವರು ಎಕ್ಸ್‌ಎಂಪಿ ಆಫ್ ಮಾಡಿದರೂ ಕ್ರ್ಯಾಶ್ ನಿಲ್ಲದಿದ್ದರೆ ರ‍್ಯಾಮ್ ಹಿಂದೆ ಓಡಬೇಡಿ. ಬಯೋಸ್ ಅಪ್‌ಡೇಟ್ ಮಾಡಿ, ಆಗಲೂ ನಿಲ್ಲದಿದ್ದರೆ ವಾರಂಟಿ ಕೇಳಿ.

ಪಿಸಿ ಜೋಡಿಸಿ ಕೊಡುವವರ ಹತ್ತಿರ ನನ್ನದೊಂದು ಬೇಡಿಕೆ ಇದೆ. ಬೆಂಗಳೂರಿನ ಎಸ್.ಪಿ. ರೋಡ್ ಇರಲಿ, ಹುಬ್ಬಳ್ಳಿ ಇರಲಿ, ಮಂಗಳೂರಿರಲಿ. ಎಕ್ಸ್‌ಎಂಪಿ ಆನ್ ಮಾಡಿಕೊಡುತ್ತೀರಿ, ಸಂತೋಷ. ಆನ್ ಮಾಡಿದ ಮೇಲೆ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ಪ್ರೋಗ್ರಾಂ ಹಾಕಿದ ಪೆನ್‌ಡ್ರೈವ್ ಚುಚ್ಚಿ, ಒಂದು ರಾತ್ರಿ ಬಿಟ್ಟು, ಎರರ್ ಸೊನ್ನೆ ಅಂತ ತೋರಿಸುವ ಫೋಟೋ ಗಿರಾಕಿಗೆ ಕಳಿಸಿ. ಒಂದು ಲಕ್ಷ ರೂಪಾಯಿ ಕೊಟ್ಟು ತಗೊಳ್ಳುವವರಿಗೆ ಇಷ್ಟು ಮಾಡಿಕೊಡುವುದು ದೊಡ್ಡದಲ್ಲ. ಗಿರಾಕಿಗಳೇ, ನೀವೂ ಕೇಳಿ. ಆರ್‌ಜಿಬಿ ಲೈಟ್ ಯಾವ ಬಣ್ಣ ಅಂತ ಕೇಳುವಾಗ ಮೆಮೊರಿ ಟೆಸ್ಟ್ ಆಗಿದೆಯಾ ಅಂತಲೂ ಕೇಳಿ.

ಮನೆಯಲ್ಲೇ ಮಾಡುವವರು ಮೆಮ್‌ಟೆಸ್ಟ್86 ನಾಲ್ಕು ಸುತ್ತು ಮುಗಿಯುವವರೆಗೂ ಬಿಡಿ. "ಒಂದೇ ಒಂದು ಎರರ್ ಬಂದಿದೆ, ಪರವಾಗಿಲ್ಲ ಅಲ್ವಾ" ಅಂತ ಕೇಳುತ್ತಾರೆ. ಪರವಾಗಿಲ್ಲ ಅನ್ನುವ ಹಾಗಿಲ್ಲ. ಮೆಮೊರಿಯಲ್ಲಿ ಒಂದು ಎರರ್ ಕೂಡ ಒಪ್ಪುವಂಥದ್ದಲ್ಲ. ಗೇಮ್ ಬಿದ್ದರೆ ಮತ್ತೆ ಶುರು ಮಾಡಬಹುದು, ಆದರೆ ಅದೇ ತಪ್ಪು ಬಿಟ್ ನಿಮ್ಮ ಮಗುವಿನ ಫೋಟೋ ಕಾಪಿ ಮಾಡುವಾಗ ಫೈಲ್ ಒಳಗೆ ಸೇರಿಕೊಂಡರೆ ಅದು ಹಾಗೇ ಉಳಿದುಬಿಡುತ್ತದೆ. ಟೆಸ್ಟ್ ಪಾಸ್ ಆಗಿಯೂ ಗೇಮ್‌ನಲ್ಲಿ ಮಾತ್ರ ಬೀಳುತ್ತಿದ್ದರೆ ಬಿಸಿಯನ್ನು ನೋಡಿ. ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆಗೆದು ಆಡಿ. ಆಗ ಸರಿಹೋದರೆ ಬೇಕಾಗಿರುವುದು ಒಂದು ಫ್ಯಾನ್, ಹೊಸ ರ‍್ಯಾಮ್ ಅಲ್ಲ.

ಪ್ರೊಫೈಲ್ ಪೂರ್ತಿ ಆಫ್ ಆಗಿರುವಾಗಲೂ ಎರರ್ ಬಂದರೆ ಒಂದೊಂದೇ ಸ್ಟಿಕ್ ಹಾಕಿ, ಒಂದೇ ಸ್ಲಾಟ್‌ನಲ್ಲಿ ಟೆಸ್ಟ್ ಮಾಡಿ. ಒಂದು ಸ್ಟಿಕ್‌ಗೆ ಮಾತ್ರ ಬಂದರೆ ಆ ಸ್ಟಿಕ್ ಕೆಟ್ಟಿದೆ. ಎರಡಕ್ಕೂ ಬಂದರೆ ಸ್ಲಾಟ್ ಅಥವಾ ಪ್ರೊಸೆಸರ್ ಕಡೆ ನೋಡಬೇಕು. ರ‍್ಯಾಮ್‌ಗೆ ಸಾಮಾನ್ಯವಾಗಿ ಹಲವು ವರ್ಷದ ವಾರಂಟಿ ಇರುತ್ತದೆ, ಬಿಲ್ ಎಸೆಯಬೇಡಿ. ಜೋಡಿಯಾಗಿ ತಗೊಂಡಿದ್ದರೆ ಎರಡನ್ನೂ ಒಟ್ಟಿಗೆ ಕೊಟ್ಟು ಜೋಡಿಯನ್ನೇ ವಾಪಸ್ ಕೇಳಿ. ಒಂದನ್ನು ಮಾತ್ರ ಬದಲಿಸಿಕೊಂಡು ಬಂದರೆ ಅದರೊಳಗಿನ ಚಿಪ್ ಬೇರೆ ಕಂಪನಿಯದ್ದಾಗಿರಬಹುದು. ಆಗ 6000ಕ್ಕೆ ಹೊಂದಿಕೊಳ್ಳದೆ ಅದೇ ಕ್ರ್ಯಾಶ್ ಮತ್ತೆ ಶುರುವಾಗಬಹುದು.